‘ಒಂದೇ ಒಂದು ಒಳ್ಳೆ ಬುಕ್ ಹೇಳಿ ಸಾರ್’

ಮೈಸೂರಿನಲ್ಲಿ ನನ್ನದೊಂದು ಸಣ್ಣ ಪುಸ್ತಕದ ಅಂಗಡಿ ಇದೆ. ಅದಕ್ಕೂ ಮೊದಲು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಮಾಡಿಕೊಂಡಿದ್ದೆ. ಈ ಎರಡೂ ಸಂಗತಿ ಗೊತ್ತಿರುವವರು ನನ್ನನ್ನು ಸುಮ್ನೆ ಬಿಡುವುದಿಲ್ಲ. ಸಕ್ಸಸ್ ಆಗೋಕೆ ಯಾವ ಬುಕ್ ಓದಬೇಕು? ಕೆಲಸ ಬದಲಿಸೋಕೆ ಯಾವುದು? ಈ ಎಐ ಬಂದು ನಮ್ಮನ್ನೆಲ್ಲ ಮನೆಗೆ ಕಳಿಸುತ್ತಂತಲ್ಲ, ಅದಕ್ಕೆ ಯಾವುದು? ಮದುವೆ ಮನೆಯಲ್ಲಿ ಕೇಳುತ್ತಾರೆ, ವಾಟ್ಸಾಪಿನಲ್ಲಿ ಕೇಳುತ್ತಾರೆ. ಹಲ್ಲಿನ ಡಾಕ್ಟರು ನನ್ನ ಬಾಯೊಳಗೆ ಕೈ ಇಟ್ಟುಕೊಂಡೇ ಕೇಳಿದರು. ಆಗ ಉತ್ತರ ಹೇಳಲಾಗಲಿಲ್ಲ. ಈಗ ಎಲ್ಲರಿಗೂ ಸೇರಿಸಿ ಒಮ್ಮೆಗೇ ಹೇಳಿಬಿಡುತ್ತೇನೆ.

ಪುಸ್ತಕ ಮಾರುವವನಿಗೆ ಇಷ್ಟು ಸೊಕ್ಕಾ ಅಂದ್ಕೋಬೇಡಿ. ಈ ತರದ ಪುಸ್ತಕಗಳಿಂದಲೇ ಅಂಗಡಿ ಬಾಡಿಗೆ ಹೊರಡುತ್ತದೆ, ಒಪ್ಪುತ್ತೇನೆ. ಕವನ ಸಂಕಲನದಿಂದ ಕರೆಂಟ್ ಬಿಲ್ಲೂ ಹುಟ್ಟುವುದಿಲ್ಲ. ನನಗೆ ಸಿಟ್ಟು ಬರುವುದು ಕೇಳುವ ರೀತಿಗೆ. ‘ಒಂದೇ ಒಂದು’ ಅಂತಾರೆ. ದಪ್ಪ ಇರಬಾರದು. ಕಥೆ ತರ ಓದಿಸಿಕೊಂಡು ಹೋಗಬೇಕು. ಓದಿದ ತಕ್ಷಣ ಕೆಲಸ ಮಾಡಬೇಕು. ಮೆಡಿಕಲ್ ಶಾಪಿನಲ್ಲಿ ನಿಂತು ತಲೆನೋವಿಗೆ ಮಾತ್ರೆ ಕೇಳಿದ ಹಾಗೆ. ನೋವು ಎಲ್ಲಿದೆ ಅಂತ ತಿರುಗಿ ಕೇಳಿದರೆ ಬೇಜಾರು.

ಒಂದು ಸಂಜೆ ಅಪ್ಪ ಮಗ ಇಬ್ಬರೂ ಬಂದರು. ಮಗ ಇಂಜಿನಿಯರಿಂಗ್ ಮೂರನೇ ವರ್ಷ. ಮಾತೆಲ್ಲ ಅಪ್ಪನದೇ. “ಇವನಿಗೆ ಒಂದು ಪುಸ್ತಕ ಕೊಡಿ. ಓದಿದ ಮೇಲೆ ಉದ್ಧಾರ ಆಗಬೇಕು.” ನಾನು ಹುಡುಗನ ಕಡೆ ನೋಡಿ, “ನಿನಗೆ ಏನು ಓದೋಕೆ ಇಷ್ಟ?” ಅಂದೆ. “ಅವನಿಗೇನು ಗೊತ್ತಾಗುತ್ತೆ, ನೀವೇ ಹೇಳಿ,” ಅಂತ ಅಪ್ಪ. ಸರಿ ಅಂತ ಮ್ಯಾನೇಜ್‌ಮೆಂಟ್ ಕಪಾಟು ತೋರಿಸಿದೆ. ಅವರು ನೇರವಾಗಿ ಜಿಮ್ ಕಾಲಿನ್ಸ್ ಬರೆದ ‘ಗುಡ್ ಟು ಗ್ರೇಟ್’ ಎತ್ತಿಕೊಂಡರು. ಅವರ ಎಂಡಿ ಟೇಬಲ್ ಮೇಲೆ ನೋಡಿದ್ದರಂತೆ. ಮಗನ ಕೈಗೆ ಕೊಟ್ಟು, ನನ್ನ ಹತ್ರ ಡಿಸ್ಕೌಂಟ್ ಮಾತಿಗೆ ನಿಂತರು.

ಹುಡುಗ ಸ್ಟೂಲಿನ ಮೇಲೆ ಕೂತು ಹಾಳೆ ತಿರುವಿದ. ಆಮೇಲೆ ಫೋನ್ ತೆಗೆದು ಏನೋ ಒತ್ತಿದ. ಸ್ವಲ್ಪ ಹೊತ್ತಾದ ಮೇಲೆ ತಲೆ ಎತ್ತದೆಯೇ, “ಅಪ್ಪಾ, ಈ ಸರ್ಕ್ಯೂಟ್ ಸಿಟಿ ದಿವಾಳಿ ಆಗಿದೆ,” ಅಂದ.

“ಫೋನ್ ಒಳಗಿಡು,” ಅಂದರು ಅಪ್ಪ.

ಆ ಹುಡುಗ ಹೇಳಿದ್ದು ಪೂರ್ತಿ ನಿಜ. ಆ ಪುಸ್ತಕ ಬಂದದ್ದು 2001ರಲ್ಲಿ. ಕಾಲಿನ್ಸ್ ಮತ್ತವರ ತಂಡ 1,435 ಕಂಪನಿಗಳಿಂದ ಶುರು ಮಾಡಿ, ಸೋಸಿ ಸೋಸಿ 11 ಉಳಿಸಿಕೊಂಡಿತು. ಸಾಧಾರಣದಿಂದ ಶ್ರೇಷ್ಠಕ್ಕೆ ಜಿಗಿದ ಕಂಪನಿಗಳು ಇವೇ ಅಂತ ತೋರಿಸಿತು. ಅದರಲ್ಲೊಂದು ಸರ್ಕ್ಯೂಟ್ ಸಿಟಿ, ಅಮೆರಿಕದಲ್ಲಿ ಟಿವಿ, ಎಲೆಕ್ಟ್ರಾನಿಕ್ ಸಾಮಾನು ಮಾರುತ್ತಿದ್ದ ದೊಡ್ಡ ಅಂಗಡಿ ಸರಣಿ. 2007ರಲ್ಲಿ ಈ ಶ್ರೇಷ್ಠರು ಸುಮಾರು 3,400 ಜನರನ್ನು ಕೆಲಸದಿಂದ ತೆಗೆದರು. ಅವರ ಸಂಬಳ ಜಾಸ್ತಿ ಆಗಿತ್ತು, ಕಡಿಮೆ ಸಂಬಳಕ್ಕೆ ಬೇರೆಯವರು ಸಿಗುತ್ತಾರೆ ಅನ್ನೋದೇ ಕಾರಣ. ಅನುಭವ ಇದ್ದವರನ್ನೇ ಕಳಿಸಿದ ಮೇಲೆ ಗಿರಾಕಿಗೆ ಟಿವಿ ಬಗ್ಗೆ ಹೇಳುವವರು ಯಾರು? 2008ರ ನವೆಂಬರಿನಲ್ಲಿ ದಿವಾಳಿ ಅರ್ಜಿ, ಮರುವರ್ಷ ಅಂಗಡಿಗಳಿಗೆಲ್ಲ ಬೀಗ. ಅದೇ 11ರಲ್ಲಿ ಫ್ಯಾನಿ ಮೇ ಎಂಬ ಗೃಹಸಾಲದ ಸಂಸ್ಥೆಯೂ ಇತ್ತು. 2008ರ ಸೆಪ್ಟೆಂಬರಿನಲ್ಲಿ ಅಮೆರಿಕ ಸರ್ಕಾರವೇ ಅದನ್ನು ತನ್ನ ಹಿಡಿತಕ್ಕೆ ತೆಗೆದುಕೊಳ್ಳಬೇಕಾಯಿತು. 2009ರಲ್ಲಿ ಕಾಲಿನ್ಸ್ ಇನ್ನೊಂದು ಪುಸ್ತಕ ಬರೆದರು. ದೊಡ್ಡ ಕಂಪನಿಗಳು ಹೇಗೆ ಬೀಳುತ್ತವೆ ಅಂತ! ಏರಿದ್ದಕ್ಕೂ ಒಂದು, ಬಿದ್ದದ್ದಕ್ಕೂ ಒಂದು. ವ್ಯಾಪಾರಸ್ಥನಾಗಿ ನನಗೆ ಹೊಟ್ಟೆಕಿಚ್ಚಾಯಿತು.

ಇಂಥದ್ದೇ ಇನ್ನೊಂದು, ಹತ್ತು ಸಾವಿರ ಗಂಟೆ. ಹತ್ತು ಸಾವಿರ ಗಂಟೆ ಅಭ್ಯಾಸ ಮಾಡಿದರೆ ಯಾರು ಬೇಕಾದರೂ ಏನು ಬೇಕಾದರೂ ಆಗಬಹುದು ಅಂತ ಅಂಗಡಿಗೆ ಬಂದವರು ನನಗೇ ಪಾಠ ಹೇಳುತ್ತಾರೆ. ಮಾಲ್ಕಮ್ ಗ್ಲಾಡ್‌ವೆಲ್ 2008ರ ‘ಔಟ್‌ಲಯರ್ಸ್’ ಪುಸ್ತಕದಲ್ಲಿ ಈ ಲೆಕ್ಕವನ್ನು ಮನೆಮಾತು ಮಾಡಿದರು. ಅದರ ಮೂಲ ಮನಶ್ಶಾಸ್ತ್ರಜ್ಞ ಆಂಡರ್ಸ್ ಎರಿಕ್ಸನ್ ಮತ್ತು ಜೊತೆಗಾರರು 1993ರಲ್ಲಿ ಪ್ರಕಟಿಸಿದ ಅಧ್ಯಯನ. ಬರ್ಲಿನ್ನಿನ ಸಂಗೀತ ಶಾಲೆಯ ಪಿಟೀಲು ವಿದ್ಯಾರ್ಥಿಗಳ ಮೇಲೆ ಮಾಡಿದ್ದು. ಚೆನ್ನಾಗಿ ನುಡಿಸುವವರು 20ನೇ ವಯಸ್ಸಿನ ಹೊತ್ತಿಗೆ ಮಾಡಿದ್ದ ಅಭ್ಯಾಸದ ಸರಾಸರಿ ಅದು. ಸರಾಸರಿ ಅಂದ ಮೇಲೆ ಅದಕ್ಕಿಂತ ಕಮ್ಮಿ ಮಾಡಿದವರೂ ಇದ್ದರು. ಆ ವಯಸ್ಸಿಗೆ ಅವರು ಯಾರೂ ಉಸ್ತಾದರಾಗಿರಲಿಲ್ಲ, ಒಳ್ಳೆಯ ವಿದ್ಯಾರ್ಥಿಗಳು ಅಷ್ಟೇ. ಗ್ಲಾಡ್‌ವೆಲ್ ತಮ್ಮ ಕೆಲಸವನ್ನು ತಪ್ಪಾಗಿ ಅರ್ಥ ಮಾಡಿಕೊಂಡಿದ್ದಾರೆ ಅಂತ ಎರಿಕ್ಸನ್ ಅವರೇ ಬರೆದರು. ಆ ತಕರಾರು ಯಾರಿಗೂ ಬೇಡ. ಗಂಟೆಯ ಲೆಕ್ಕ ಮಾತ್ರ ಎಲ್ಲರ ಬಾಯಲ್ಲಿದೆ.

ಹಾಗಾದರೆ ಓದಬೇಡಿ ಅಂತೀರಾ? ಇಲ್ಲಪ್ಪ. ಓದಿ. ನನ್ನನ್ನು ಕೇಳುವುದಾದರೆ, “ಆ ಪುಸ್ತಕ ಅಚ್ಚಾದ ಮೇಲೆ ಅದರಲ್ಲಿದ್ದವರಿಗೆ ಏನಾಯ್ತು?” ಅಂತ ಕೇಳಿ. ಅಂಗಡಿ ಬಾಗಿಲು ಹಾಕಿ ಟೀ ತರಿಸಿ ಮಾತಾಡುತ್ತೇನೆ. ಗೆದ್ದವರನ್ನು ಗೆದ್ದ ಮೇಲೆ ಹೋಗಿ ಕೇಳಿದರೆ ಬೆಳಿಗ್ಗೆ ಐದಕ್ಕೆ ಏಳುತ್ತಿದ್ದೆ ಅನ್ನುತ್ತಾರೆ. ಐದಕ್ಕೆ ಎದ್ದೂ ಮುಳುಗಿದವರ ಮನೆಗೆ ಯಾವ ಪ್ರಕಾಶಕನೂ ಹೋಗುವುದಿಲ್ಲ. ನಮ್ಮ ಬೀದಿಯಲ್ಲಿ ಹಾಲು ಹಾಕುವವನು ಮೂರೂವರೆಗೇ ಏಳುತ್ತಾನೆ.

ಇನ್ನು ಕೆಲಸ ಬದಲಿಸುವ ವಿಷಯ. “ನೀವು ಯಾವ ಬುಕ್ ಓದಿ ಕೆಲಸ ಬಿಟ್ರಿ?” ಅಂತ ಗುಟ್ಟು ಕೇಳುವ ಹಾಗೆ ಕೇಳುತ್ತಾರೆ. ಯಾವುದೂ ಇಲ್ಲ. ನನ್ನ ಹೆಂಡತಿ ಸರ್ಕಾರಿ ಹೈಸ್ಕೂಲಿನಲ್ಲಿ ಟೀಚರ್. ಅವಳ ಸಂಬಳ ತಿಂಗಳು ತಿಂಗಳು ಬರುತ್ತದೆ. ನಾನು ಬಿಟ್ಟದ್ದು ಆ ಧೈರ್ಯದಿಂದ. ಇದನ್ನು ಹೇಳಿದರೆ ಕೇಳಿದವರ ಮುಖ ಸಪ್ಪಗಾಗುತ್ತದೆ. ‘ಕನಸಿನ ಬೆನ್ನು ಹತ್ತಿದೆ’ ಅಂತ ಹೇಳಬೇಕಿತ್ತು ನಾನು.

ಈ ವಿಷಯಕ್ಕೆ ಪುಸ್ತಕ ಬೇಕೇ ಬೇಕು ಅನ್ನುವವರಿಗೆ ಕೆಲಸ ಕಳೆದುಕೊಂಡವನೊಬ್ಬ ಬರೆದದ್ದನ್ನು ಹೇಳುತ್ತೇನೆ. ರಿಚರ್ಡ್ ಬೋಲ್ಸ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪಾದ್ರಿಯಾಗಿದ್ದವರು. ಚರ್ಚಿನಲ್ಲಿ ದುಡ್ಡಿಗೆ ಕಷ್ಟ ಬಂದು 1968ರಲ್ಲಿ ಕೆಲಸ ಹೋಯಿತು. ತನ್ನಂತೆಯೇ ಕೆಲಸದ ಚಿಂತೆಯಲ್ಲಿದ್ದ ಪಾದ್ರಿಗಳಿಗೆ ಅಂತ 1970ರಲ್ಲಿ ಸ್ವಂತ ಖರ್ಚಿನಲ್ಲಿ ಒಂದು ಕೈಪಿಡಿ ಅಚ್ಚು ಹಾಕಿಸಿದರು. ಅದೇ ‘ವಾಟ್ ಕಲರ್ ಈಸ್ ಯುವರ್ ಪ್ಯಾರಾಶೂಟ್?’ ಮುಂದೆ ಅದು ಹೆಚ್ಚುಕಮ್ಮಿ ವರ್ಷಕ್ಕೊಮ್ಮೆ ತಿದ್ದುಪಡಿಯಾಗುತ್ತಾ ಬಂತು. ಇನ್ನೊಂದು, ಹರ್ಮಿನಿಯಾ ಇಬಾರಾ ಅವರ ‘ವರ್ಕಿಂಗ್ ಐಡೆಂಟಿಟಿ’, 2003ರದ್ದು. ನಡುವಯಸ್ಸಿನಲ್ಲಿ ಕೆಲಸ ಬದಲಿಸಲು ಹೊರಟ 39 ಜನರನ್ನು ಮಾತಾಡಿಸಿ ಬರೆದದ್ದು. ಮನೆಯಲ್ಲಿ ಕೂತು ‘ನಾನು ಯಾರು’ ಅಂತ ಯೋಚಿಸಿದರೆ ಉತ್ತರ ಸಿಗುವುದಿಲ್ಲ, ಇರುವ ಕೆಲಸ ಬಿಡದೆ ಹೊಸದನ್ನು ಸಣ್ಣದಾಗಿ ಮಾಡಿ ನೋಡಿ ಅನ್ನುತ್ತಾರೆ. ಭಾನುವಾರ ಮಾಡಿ, ರಜೆಯಲ್ಲಿ ಮಾಡಿ. ರಾಜೀನಾಮೆ ಆಮೇಲೆ. ನನಗೆ ಇದು ಸರಿ ಅನ್ನಿಸಿದೆ.

ಕನ್ನಡದಲ್ಲೇ ಬೇಕು ಅಂದರೆ ಶಿವರಾಮ ಕಾರಂತರ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’. ಕೆರಿಯರ್ ಪುಸ್ತಕಗಳ ಕಪಾಟಿನಲ್ಲಿ ಅದನ್ನಿಟ್ಟಿದ್ದೇನೆ, ನೋಡಿದವರು ನಗುತ್ತಾರೆ. ಗಾಂಧೀಜಿ ಕರೆಗೆ ಕಾಲೇಜು ಬಿಟ್ಟ ಮನುಷ್ಯ. ಪತ್ರಿಕೆ ನಡೆಸಿದರು, ನಾಟಕ ಆಡಿಸಿದರು, ಮೂಕಿಚಿತ್ರ ತೆಗೆದರು, ಮುದ್ರಣಾಲಯ ಹಾಕಿದರು, ಪುತ್ತೂರಿನಲ್ಲಿ ಮಕ್ಕಳಿಗೆ ಬಾಲವನ ಮಾಡಿದರು. ಆ ಆತ್ಮಕಥೆ ಮೊದಲು ಬಂದದ್ದು 1948ರಲ್ಲಿ. ಆಗ ‘ಮೂಕಜ್ಜಿಯ ಕನಸುಗಳು’ ಇನ್ನೂ ಬರೆದಿರಲಿಲ್ಲ. ಜ್ಞಾನಪೀಠ ಅನ್ನುವ ಪ್ರಶಸ್ತಿಯೇ ಹುಟ್ಟಿರಲಿಲ್ಲ. ಗೆದ್ದು ಮುಗಿಸಿ ಕಾಲು ಚಾಚಿಕೊಂಡು ಬರೆದದ್ದಲ್ಲ ಅದು, ಅಲ್ವಾ? ಮಾಡಿದ್ದು, ಬಿಟ್ಟದ್ದು, ಎಲ್ಲ ಅದರಲ್ಲಿ ಒಂದೇ ದನಿಯಲ್ಲಿ ಬರುತ್ತದೆ. ನನ್ನ ಹಲ್ಲಿನ ಡಾಕ್ಟರಿಗೆ ಇದನ್ನೇ ಹೇಳಿದೆ, ಬಾಯಿ ಖಾಲಿಯಾದ ಮೇಲೆ. “ಅಯ್ಯೋ, ಅದು ಕಾಲೇಜಿನವರು ಓದೋದಲ್ವಾ,” ಅಂದರು.

ಕೊನೆಗೆ ಎಐ. ಇದಕ್ಕೆ ಹೋದ ತಿಂಗಳು ಬಂದ ಪುಸ್ತಕವೇ ಬೇಕು ಎಲ್ಲರಿಗೂ. ನಾನು ಹೇಳುವುದು 1976ರದ್ದು. ಜೋಸೆಫ್ ವೈಜೆನ್‌ಬಾಮ್ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಪ್ರೊಫೆಸರ್ ಆಗಿದ್ದವರು. 1966ರಲ್ಲೇ ಎಲೈಜಾ ಅಂತ ಒಂದು ಮಾತಾಡುವ ಪ್ರೋಗ್ರಾಮಿನ ಬಗ್ಗೆ ಬರೆದಿದ್ದರು. ಅದಕ್ಕೆ ತಲೆ ಏನೂ ಇರಲಿಲ್ಲ. ನೀವು “ನಮ್ಮಪ್ಪನ ಮೇಲೆ ಸಿಟ್ಟಿದೆ” ಅಂತ ಟೈಪ್ ಮಾಡಿದರೆ “ನಿಮ್ಮಪ್ಪನ ಬಗ್ಗೆ ಇನ್ನೂ ಹೇಳಿ” ಅನ್ನುವ ತರದ್ದು, ಅಷ್ಟೇ. ಅದನ್ನು ಅವರು ಬರೆಯುವುದನ್ನು ತಿಂಗಳುಗಟ್ಟಲೆ ನೋಡಿದ್ದ ಅವರದೇ ಸೆಕ್ರೆಟರಿ ಒಂದು ದಿನ ಅದರ ಜೊತೆ ಮಾತಿಗೆ ಕೂತರು. ನಾಲ್ಕು ಸಾಲು ಆಗುತ್ತಲೇ, ನೀವು ಸ್ವಲ್ಪ ಹೊರಗಿರಿ ಅಂತ ವೈಜೆನ್‌ಬಾಮ್‌ಗೇ ಹೇಳಿದರಂತೆ. ಆ ಮನುಷ್ಯ ಬೆಚ್ಚಿಬಿದ್ದದ್ದು ಅಲ್ಲಿ. ಯಂತ್ರದ ಕೈಲಿ ಏನೇನು ಆಗುತ್ತದೆ ಅನ್ನೋದು ಬೇರೆ, ಅದಕ್ಕೆ ಯಾವ ಕೆಲಸ ಒಪ್ಪಿಸಬಾರದು ಅನ್ನೋದು ಬೇರೆ ಅಂತ ವಾದಿಸಿ ‘ಕಂಪ್ಯೂಟರ್ ಪವರ್ ಅಂಡ್ ಹ್ಯೂಮನ್ ರೀಸನ್’ ಬರೆದರು. ರಾತ್ರಿ ಹನ್ನೊಂದಕ್ಕೆ ಚಾಟ್‌ಬಾಟ್ ಹತ್ರ ಮನಸ್ಸಿನ ಕಷ್ಟ ಹೇಳಿಕೊಳ್ಳುವವರಿಗೆ, ಆಫೀಸಿನಲ್ಲಿ ಎಐ ಬಂದು ಕೂತಿದೆ ಅಂತ ಹೆದರಿದವರಿಗೆ, ಇಬ್ಬರಿಗೂ ಆಗುತ್ತದೆ.

ಆ ಪುಸ್ತಕ ಸದ್ಯಕ್ಕೆ ನನ್ನ ಅಂಗಡಿಯಲ್ಲಿಲ್ಲ. ಹಳೇ ಪ್ರತಿ ಹುಡುಕಿಸಿ ತರಿಸಿಕೊಡಬಹುದು. ಮುಂಗಡ ಕೊಡಬೇಕು. ತರಿಸಿದ ಮೇಲೆ ಫೋನ್ ಎತ್ತದವರೇ ಜಾಸ್ತಿ.