ನಾಲ್ಕು ರ‍್ಯಾಮ್ ಸ್ಟಿಕ್‌ಗಳು, ಎರಡು ದೋಷಗಳು: ಒಂದು ಡೆಸ್ಕ್‌ಟಾಪ್ ದುರಸ್ತಿಯ ದಿನಚರಿ

ಹಿನ್ನೆಲೆ

ಈ ಡೆಸ್ಕ್‌ಟಾಪ್ ನಾನೇ ಜೋಡಿಸಿದ್ದು. 16 ಜಿಬಿಯ ಎರಡು ಡಿಡಿಆರ್4 ರ‍್ಯಾಮ್ ಸ್ಟಿಕ್‌ಗಳೊಂದಿಗೆ, 3200ರ ವೇಗದ ಎಕ್ಸ್‌ಎಂಪಿ ಪ್ರೊಫೈಲಿನಲ್ಲಿ (ತಯಾರಕರು ರ‍್ಯಾಮಿನೊಳಗೇ ಬರೆದಿಟ್ಟ ವೇಗದ ಸಿದ್ಧ ಹೊಂದಿಕೆ), ಮೂರು ವರ್ಷ ಯಾವ ತಕರಾರೂ ಇಲ್ಲದೆ ನಡೆದಿತ್ತು. ಹತ್ತಾರು ಛಾಯಾಚಿತ್ರಗಳನ್ನು ಹೊಲಿದು ಒಂದೇ ಪನೋರಮಾ ಮಾಡುವ ಕೆಲಸಕ್ಕೆ 32 ಜಿಬಿ ಸಾಲದೆಂದು ತೋರಿದಾಗ, ಅದೇ ಮಾದರಿ ಸಂಖ್ಯೆಯ ಇನ್ನೆರಡು ಸ್ಟಿಕ್‌ಗಳನ್ನು ತಂದು ಖಾಲಿಯಿದ್ದ ಸ್ಲಾಟ್‌ಗಳಲ್ಲಿ ಕೂರಿಸಿದೆ. ಯಂತ್ರ ಮೊದಲ ಸಲಕ್ಕೇ ಚಾಲೂ ಆಯಿತು, 64 ಜಿಬಿ ಎಂದು ತೋರಿಸಿತು, ನಾನೂ ನೆಮ್ಮದಿಯಿಂದ ಪೆಟ್ಟಿಗೆಯ ಬಾಗಿಲು ಮುಚ್ಚಿದೆ. ಮೂರನೆಯ ದಿನದಿಂದ, ವಿಂಡೋಸ್ ಕುಸಿದಾಗ ಬರುವ ನೀಲಿ ಪರದೆಗಳು ಶುರುವಾದವು. ಇದರ ನಡುವೆಯೇ, ನೆಟ್‌ವರ್ಕ್ ಆಗಾಗ ಕಡಿದುಹೋಗುತ್ತಿದೆ ಎಂಬ ಕಾರಣಕ್ಕೆ ಅದರ ಡ್ರೈವರನ್ನೂ (ಯಂತ್ರಾಂಶವನ್ನು ನಡೆಸುವ ತಂತ್ರಾಂಶ) ಬದಲಿಸಿದ್ದೆ. ಈ ಎರಡನೆಯ ಸಂಗತಿಯನ್ನು ನಾನು ಎಲ್ಲಿಯೂ ಬರೆದಿಟ್ಟುಕೊಂಡಿರಲಿಲ್ಲ, ಮರೆತೂಬಿಟ್ಟಿದ್ದೆ. ಮುಂದಿನ ಎರಡು ವಾರಗಳ ಗೊಂದಲಕ್ಕೆ ಅರ್ಧ ಕಾರಣ ಆ ಮರೆವು.

ದಿನ 1

ಮೊದಲು ಸಾಕ್ಷ್ಯ ಸಂಗ್ರಹ. ಕುಸಿತವಾದೊಡನೆ ಯಂತ್ರ ತಾನಾಗಿ ಮರುಚಾಲೂ ಆಗುವುದನ್ನು ವಿಂಡೋಸ್‌ನ ಸೆಟ್ಟಿಂಗಿನಲ್ಲಿ ತಡೆದೆ, ಇಲ್ಲವಾದರೆ ಪರದೆಯ ಮೇಲಿನ ಸಂಕೇತವನ್ನು ಓದುವಷ್ಟರಲ್ಲಿ ಅದು ಮಾಯವಾಗುತ್ತಿತ್ತು. ವಿಂಡೋಸ್‌ನ ಘಟನಾ ದಾಖಲೆಯಾದ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಎಂಬ ನಮೂದುಗಳು ಸಾಲುಗಟ್ಟಿದ್ದವು. ಇದನ್ನು ಕಂಡು ಪವರ್ ಸಪ್ಲೈಯನ್ನೇ ಬದಲಿಸಲು ಹೊರಡುವವರಿದ್ದಾರೆ, ಆದರೆ ಹಿಂದಿನ ಸಲ ಯಂತ್ರ ಕ್ರಮಬದ್ಧವಾಗಿ ಮುಚ್ಚಲಿಲ್ಲ ಎಂಬುದಷ್ಟನ್ನೇ ಆ ನಮೂದು ಹೇಳುತ್ತದೆ, ಏಕೆಂಬುದನ್ನು ಹೇಳುವುದಿಲ್ಲ.

ಹೆಚ್ಚು ಮಾತಾಡಿದ್ದು, ಕುಸಿತದ ಕ್ಷಣದ ಸ್ಥಿತಿಯನ್ನು ಉಳಿಸಿಡುವ ಮಿನಿಡಂಪ್ ಫೈಲುಗಳು. ಏಳು ಡಂಪ್‌ಗಳನ್ನು ವಿನ್‌ಡಿಬಿಜಿ ಎಂಬ ವಿಶ್ಲೇಷಣಾ ಸಾಧನದಲ್ಲಿ ತೆರೆದು ನೋಡಿದೆ. ಸಂಕೇತಗಳು ಒಂದೊಂದು ಸಲ ಒಂದೊಂದು: ಎರಡರಲ್ಲಿ ಮೆಮೊರಿ ಮ್ಯಾನೇಜ್‌ಮೆಂಟ್, ಒಂದರಲ್ಲಿ ಪೇಜ್ ಫಾಲ್ಟ್, ಉಳಿದವುಗಳಲ್ಲಿ ಮತ್ತೇನೋ. ಆಪಾದಿತ ಮಾಡ್ಯೂಲ್‌ಗಳೂ ಹಾಗೆಯೇ, ಒಮ್ಮೆ ಫೈಲ್ ಸಿಸ್ಟಮ್, ಒಮ್ಮೆ ಗ್ರಾಫಿಕ್ಸ್, ಒಮ್ಮೆ ಧ್ವನಿ, ಉಳಿದ ಸಲವೆಲ್ಲ ವಿಂಡೋಸ್‌ನ ತಿರುಳಾದ ಕರ್ನಲ್ಲೇ. ಇಷ್ಟೊಂದು ಡ್ರೈವರ್‌ಗಳು ಒಂದೇ ವಾರದಲ್ಲಿ ಒಟ್ಟಿಗೆ ಕೆಟ್ಟವೆಂದು ನಂಬುವುದಕ್ಕಿಂತ, ಅವೆಲ್ಲವೂ ನಿಂತಿರುವ ನೆಲವೇ ಅಲುಗುತ್ತಿದೆ ಎಂದು ತಿಳಿಯುವುದು ಸರಿಯಾಗಿತ್ತು. ಹಾಗೆಂದು ಅಂದೇ ಟಿಪ್ಪಣಿ ಬರೆದೆ.

ದಿನ 2

ಟಿಪ್ಪಣಿ ಬರೆದ ಕೈಯಲ್ಲೇ ಅದಕ್ಕೆ ವಿರುದ್ಧವಾದ ಕೆಲಸ ಮಾಡಿದೆ: ವಿಂಡೋಸನ್ನು ಅಳಿಸಿ ಹೊಸದಾಗಿ ಹಾಕಿದೆ. ಸಾಫ್ಟ್‌ವೇರ್ ದೋಷವಲ್ಲವೆಂದು ಖಚಿತವಾದರೆ ಒಂದು ಚಿಂತೆ ಕಡಿಮೆಯಾಗುತ್ತದೆ ಎಂಬುದು ನನ್ನ ಸಮರ್ಥನೆಯಾಗಿತ್ತು. ಅನುಸ್ಥಾಪನೆಯ ಪ್ರತಿಯೊಂದು ಫೈಲೂ ಬಿಚ್ಚಿಕೊಳ್ಳುವುದು ರ‍್ಯಾಮಿನೊಳಗೆ, ಅಲ್ಲಿಂದಲೇ ಡಿಸ್ಕಿಗೆ ಹೋಗುವುದು. ಆ ರ‍್ಯಾಮೇ ಶಂಕಿತವಾಗಿರುವಾಗ ಹೊಸದಾಗಿ ಹಾಕಿದ ವ್ಯವಸ್ಥೆ ಶುದ್ಧವಾಗಿರುತ್ತದೆಂದು ನಂಬಲು ಯಾವ ಆಧಾರವೂ ಇಲ್ಲ. ಮೂರು ಗಂಟೆ ಹಾಳು. ಸಂಜೆಗೆ ಮತ್ತೆ ನೀಲಿ ಪರದೆ.

ರಾತ್ರಿ ಒಂದು ಸರಳ ಪರೀಕ್ಷೆ ಮಾಡಿದೆ. 90 ಜಿಬಿಯ ಒಂದು ಫೈಲಿನ ಎಸ್‌ಎಚ್‌ಎ-256 ಮೊತ್ತವನ್ನು (ಫೈಲಿನ ಒಳಗಿನದರಿಂದ ಲೆಕ್ಕ ಹಾಕುವ, ಬೆರಳಚ್ಚಿನಂಥ ಸಂಖ್ಯೆ) ಮೂರು ಸಲ ಲೆಕ್ಕ ಹಾಕಿಸಿದಾಗ ಮೂರರಲ್ಲಿ ಒಂದು ಉತ್ತರ ಬೇರೆಯಾಗಿತ್ತು. ಬದಲಾಗದ ಫೈಲಿಗೆ ಬದಲಾಗುವ ಉತ್ತರ! ಡಿಸ್ಕ್ ಮತ್ತು ಕೇಬಲ್ಲಿನ ನಡುವಿನ ಸಾಗಣೆಗೆ ತನ್ನದೇ ದೋಷಪತ್ತೆ ಇರುವುದರಿಂದ, ಸದ್ದಿಲ್ಲದೆ ಬಿಟ್ ಬದಲಾಗುವ ಜಾಗವೆಂದರೆ ಬಹುತೇಕ ರ‍್ಯಾಮೇ.

ದಿನ 3 ಮತ್ತು 4

ರ‍್ಯಾಮನ್ನು ಪರೀಕ್ಷಿಸುವ ಮೆಮ್‌ಟೆಸ್ಟ್86+ ಇರುವ ಯುಎಸ್‌ಬಿಯಿಂದ ಯಂತ್ರವನ್ನು ಚಾಲೂ ಮಾಡಿದೆ. ಕಾರ್ಯಾಚರಣ ವ್ಯವಸ್ಥೆಯೇ ಇಲ್ಲದೆ ನಡೆಯುವುದರಿಂದ ಇಲ್ಲಿ ಡ್ರೈವರ್‌ಗಳ ಮೇಲೆ ತಪ್ಪು ಹೊರಿಸುವ ಅವಕಾಶವಿರುವುದಿಲ್ಲ. ನಾಲ್ಕೂ ಸ್ಟಿಕ್‌ಗಳು 3200ರಲ್ಲಿ: ಮೊದಲ ಎರಡು ಸುತ್ತು ಸ್ವಚ್ಛ, ಮೂರನೆಯ ಸುತ್ತಿನಲ್ಲಿ 4 ದೋಷ, ಐದನೆಯದರಲ್ಲಿ 11. ಒಂದೇ ಸುತ್ತಿಗೆ ತೃಪ್ತನಾಗಿ ನಿಲ್ಲಿಸಿದ್ದರೆ ರ‍್ಯಾಮ್ ಸರಿಯಿದೆ ಎಂದು ಬರೆದುಕೊಂಡು ದಾರಿ ತಪ್ಪುತ್ತಿದ್ದೆ.

ಕೆಟ್ಟ ಸ್ಟಿಕ್ ಯಾವುದೆಂದು ಹುಡುಕಲು ಪ್ರತಿಯೊಂದನ್ನೂ ಒಂಟಿಯಾಗಿ, ಪ್ರೊಸೆಸರಿನಿಂದ ಎಣಿಸಿದರೆ ಎರಡನೆಯ ಸ್ಲಾಟಿನಲ್ಲಿಟ್ಟು, ಅದೇ ಎಕ್ಸ್‌ಎಂಪಿಯಲ್ಲಿ ನಾಲ್ಕು ಸುತ್ತು ಓಡಿಸಿದೆ. ನಾಲ್ಕೂ ಉತ್ತೀರ್ಣ. ಹಳೆಯ ಜೋಡಿ ಉತ್ತೀರ್ಣ, ಹೊಸ ಜೋಡಿಯೂ ಉತ್ತೀರ್ಣ. ನಾಲ್ಕನ್ನೂ ಒಟ್ಟಿಗೆ ಕೂರಿಸಿದರೆ ಮಾತ್ರ ಅನುತ್ತೀರ್ಣ. ಅಂದರೆ ಕೆಟ್ಟ ಸ್ಟಿಕ್ ಒಂದೂ ಇಲ್ಲ, ಹೊಂದಾಣಿಕೆಯೇ ಕೆಟ್ಟಿದೆ.

ದಿನ 5

ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಹಿಡಿಸಿದ ದಿನ ಇದು. ಯಂತ್ರಾಂಶದ ವಿವರ ತೋರಿಸುವ ಸಿಪಿಯು-ಝೆಡ್‌ನಲ್ಲಿ ಒಂದೊಂದು ಸ್ಲಾಟಿನ ವಿವರ ತೆರೆದಾಗ, ಹಳೆಯ ಸ್ಟಿಕ್‌ಗಳು ಡ್ಯುಯಲ್ ರ‍್ಯಾಂಕ್ (ಒಟ್ಟಿಗೆ ಕೆಲಸ ಮಾಡುವ ಚಿಪ್‌ಗಳ ಎರಡು ಗುಂಪು), ಹೊಸವು ಸಿಂಗಲ್ ರ‍್ಯಾಂಕ್ (ಒಂದೇ ಗುಂಪು) ಎಂದು ಕಂಡಿತು. ಮಾದರಿ ಸಂಖ್ಯೆ ಒಂದೇ, ಮೇಲಿನ ಹೊದಿಕೆ ಒಂದೇ, ಒಳಗಿನ ಚಿಪ್‌ಗಳು ಬೇರೆ. ಹಳೆಯವುಗಳಲ್ಲಿ 8 ಗಿಗಾಬಿಟ್‌ನ ಹದಿನಾರು ಚಿಪ್‌ಗಳು, ಹೊಸವುಗಳಲ್ಲಿ 16 ಗಿಗಾಬಿಟ್‌ನ ಎಂಟು ಚಿಪ್‌ಗಳು. ಎರಡೂ ಲೆಕ್ಕದಲ್ಲಿ 16 ಜಿಬಿ ಆಗುತ್ತದೆ, ತಯಾರಕರು ಒಂದೇ ಸಂಖ್ಯೆಯಡಿ ಚಿಪ್ ಬದಲಿಸುವುದೂ ಅಪರೂಪವಲ್ಲ.

ಇದು ಏಕೆ ಮುಖ್ಯವೆಂದರೆ, ರ‍್ಯಾಮಿನ ಒಂದೊಂದು ಬಿಟ್ಟೂ ಒಂದು ಪುಟ್ಟ ಕೆಪಾಸಿಟರಿನಲ್ಲಿ ಕೂಡಿಟ್ಟ ವಿದ್ಯುದಂಶ. ಅದು ಸೋರುತ್ತಲೇ ಇರುತ್ತದೆ, ಆದ್ದರಿಂದ ಪ್ರತಿಯೊಂದು ಸಾಲನ್ನೂ 64 ಮಿಲಿಸೆಕೆಂಡಿನೊಳಗೆ ಒಮ್ಮೆಯಾದರೂ ಮತ್ತೆ ತುಂಬಿಸಬೇಕು. ಈ ತುಂಬುವಿಕೆಯ ಆದೇಶ ಸರಾಸರಿ 7.8 ಮೈಕ್ರೋಸೆಕೆಂಡಿಗೊಮ್ಮೆ ಹೋಗುತ್ತದೆ, ಅದು ಮುಗಿಯುವವರೆಗೂ ಚಿಪ್ಪಿಗೆ ಬೇರೆ ಕೆಲಸ ಹೇಳುವಂತಿಲ್ಲ. ಆ ಕಾಯುವ ಅವಧಿಯ ಹೆಸರು ಟಿಆರ್‌ಎಫ್‌ಸಿ. ಮೆಮೊರಿಯ ಮಾನದಂಡ ರೂಪಿಸುವ ಜೆಡೆಕ್ ಸಂಸ್ಥೆಯ ಪ್ರಕಾರ 8 ಗಿಗಾಬಿಟ್ ಚಿಪ್ಪಿಗೆ ಅದು 350 ನ್ಯಾನೋಸೆಕೆಂಡ್, 16 ಗಿಗಾಬಿಟ್ ಚಿಪ್ಪಿಗೆ 550. ಗಡಿಯಾರದ ಒಂದು ಸುತ್ತಿಗೆ ಎರಡು ಸಲ ದತ್ತಾಂಶ ಸಾಗುವುದರಿಂದ 3200ರ ವೇಗದಲ್ಲಿ ಗಡಿಯಾರದ ಆವರ್ತನ 1600 ಮೆಗಾಹರ್ಟ್ಸ್, ಹಾಗಾಗಿ ಮೊದಲನೆಯದು 560 ಸುತ್ತು, ಎರಡನೆಯದು 880 ಸುತ್ತು.

ಯಂತ್ರ ಚಾಲೂ ಆಗುವಾಗ ಮೊದಲು ಓಡುವ ತಂತ್ರಾಂಶವಾದ ಬಯೋಸ್ ನಾಲ್ಕೂ ಸ್ಟಿಕ್‌ಗಳಿಗೆ ಇಟ್ಟಿದ್ದ ಸಂಖ್ಯೆ 560. ಹಳೆಯ ಸ್ಟಿಕ್ಕಿನ ಪ್ರೊಫೈಲನ್ನು ಓದಿ ಎಲ್ಲಕ್ಕೂ ಅನ್ವಯಿಸಿಬಿಟ್ಟಿತ್ತು. ಹೊಸ ಸ್ಟಿಕ್‌ಗಳು ಉಸಿರು ತೆಗೆದುಕೊಳ್ಳುವ ಮೊದಲೇ ಅವಕ್ಕೆ ಮುಂದಿನ ಕೆಲಸ ಹೇಳಲಾಗುತ್ತಿತ್ತು. ಹೊಸ ಜೋಡಿ ಒಂಟಿಯಾಗಿದ್ದಾಗ ತನ್ನದೇ ಪ್ರೊಫೈಲು ಅನ್ವಯವಾಗಿ ಪರೀಕ್ಷೆಯಲ್ಲಿ ಉತ್ತೀರ್ಣವಾದದ್ದು ಏಕೆಂಬುದೂ ಇದರಿಂದ ಬಗೆಹರಿಯಿತು.

ದಿನ 6

ಟಿಆರ್‌ಎಫ್‌ಸಿಯನ್ನು ಕೈಯಾರೆ 880ಕ್ಕೆ ಏರಿಸಿ ರಾತ್ರಿಯಿಡೀ ಓಡಿಸಿದೆ. ಹತ್ತಾರು ದೋಷಗಳಿದ್ದ ಜಾಗದಲ್ಲಿ ಈಗ 2. ರೋಗನಿರ್ಣಯ ಸರಿ, ಮದ್ದು ಸಾಲದು. ಪ್ರತಿ ಚಾನೆಲ್ಲಿಗೆ (ಪ್ರೊಸೆಸರು ಮತ್ತು ರ‍್ಯಾಮಿನ ನಡುವಿನ ದಾರಿ) ಎರಡೆರಡು ಸ್ಟಿಕ್‌ಗಳು ತುಂಬಿದಾಗ ಪ್ರೊಸೆಸರಿನೊಳಗಿನ ಮೆಮೊರಿ ನಿಯಂತ್ರಕಕ್ಕೆ ಹೊರೆ ಹೆಚ್ಚುತ್ತದೆ, ತಂತಿಗಳ ಮೇಲಿನ ಸಂಕೇತವೂ ಮಸುಕಾಗುತ್ತದೆ. ಎಕ್ಸ್‌ಎಂಪಿ ಎಂಬುದು ಹೆಸರಿಗೆ ತಯಾರಕರ ಪ್ರೊಫೈಲಾದರೂ ವಾಸ್ತವದಲ್ಲಿ ಓವರ್‌ಕ್ಲಾಕಿಂಗ್ (ನಿಗದಿತ ಮಿತಿ ಮೀರಿ ಓಡಿಸುವುದು) ಎಂಬುದನ್ನು ನಾವೆಲ್ಲ ಅನುಕೂಲಕ್ಕೆ ತಕ್ಕಂತೆ ಮರೆಯುತ್ತೇವೆ.

ವೋಲ್ಟೇಜ್ ಏರಿಸಿ 3200ನ್ನೇ ಉಳಿಸಿಕೊಳ್ಳುವ ದಾರಿಯೂ ಇತ್ತು. ನಾನು ವೇಗವನ್ನು 2933ಕ್ಕೆ ಇಳಿಸಿದೆ. ಆ ವೇಗದಲ್ಲಿ 550 ನ್ಯಾನೋಸೆಕೆಂಡ್ ಎಂದರೆ 807 ಸುತ್ತು, ಅದನ್ನು ಬರೆದು 1.35 ವೋಲ್ಟನ್ನು ಹಾಗೆಯೇ ಬಿಟ್ಟೆ. ಹದಿನಾಲ್ಕು ಗಂಟೆ, ಒಂದೂ ದೋಷವಿಲ್ಲ. ಪನೋರಮಾ ಹೊಲಿಯುವ ನನ್ನ ಕೆಲಸದಲ್ಲಿ ಈ ಇಳಿಕೆಯಿಂದಾದ ನಷ್ಟ ಆರು ನಿಮಿಷಕ್ಕೆ ಒಂಬತ್ತು ಸೆಕೆಂಡು. ಅಷ್ಟಕ್ಕಾಗಿ ವೋಲ್ಟೇಜಿನೊಂದಿಗೆ ಜಗಳವಾಡುವ ಉತ್ಸಾಹ ನನಗಿಲ್ಲ.

ಅದೇ ಹೊತ್ತಿನಲ್ಲಿ ಮಲ್ಟಿಮೀಟರಿನಿಂದ ಪವರ್ ಸಪ್ಲೈಯನ್ನೂ ಅಳೆದೆ: 12.08 ಮತ್ತು 5.03 ವೋಲ್ಟ್. ಶೇಕಡಾ 5ರ ಮಿತಿಯೊಳಗೆ ಆರಾಮವಾಗಿದೆ.

ದಿನ 7

ಸ್ಥಿರವಾದ ರ‍್ಯಾಮಿನ ಮೇಲೆ ವಿಂಡೋಸನ್ನು ಎರಡನೆಯ ಸಲ ಹಾಕಿದೆ. ಅದಕ್ಕೂ ಮೊದಲು ಕುತೂಹಲಕ್ಕೆಂದು ಹಿಂದಿನದರ ಮೇಲೆ ಎಸ್‌ಎಫ್‌ಸಿ ಸ್ಕ್ಯಾನ್ (ವಿಂಡೋಸ್‌ನ ಫೈಲುಗಳ ತಪಾಸಣೆ) ನಡೆಸಿದಾಗ ಹಾಳಾದ ಫೈಲುಗಳು ಸಿಕ್ಕವು, ಎರಡನೆಯ ದಿನದ ಕೆಲಸ ವ್ಯರ್ಥವಾಗಿದ್ದಕ್ಕೆ ಅದೇ ಪುರಾವೆ. ಹೆಚ್ಚು ನೋವು ತಂದದ್ದು ಬೇರೆ: ಆ ದಿನಗಳಲ್ಲಿ ನಕಲಿಸಿದ ಛಾಯಾಚಿತ್ರಗಳನ್ನು ಬ್ಯಾಕಪ್ಪಿನೊಂದಿಗೆ ಹೋಲಿಸಿದಾಗ ಮೂರು ಚಿತ್ರಗಳ ಮೊತ್ತ ತಾಳೆಯಾಗಲಿಲ್ಲ. ಒಂದರಲ್ಲಿ ಕೆಳಗಿನ ಅರ್ಧ ಪೂರ್ತಿ ಗುಲಾಬಿ. ಮೂಲಪ್ರತಿಗಳು ಕ್ಯಾಮೆರಾದ ಕಾರ್ಡಿನಲ್ಲಿ ಇನ್ನೂ ಇದ್ದವು.

ದಿನ 9

ಮತ್ತೆ ನೀಲಿ ಪರದೆ. ಕ್ಷಣಕಾಲ ಎಲ್ಲ ಶ್ರಮವೂ ವ್ಯರ್ಥವೆನಿಸಿತು. ಆದರೆ ಡಂಪ್ ತೆರೆದು ನೋಡಿದಾಗ ಇದರ ಚಹರೆಯೇ ಬೇರೆ. ಸಂಕೇತ ಡಿ1. ಎತ್ತರದ ಇಂಟರಪ್ಟ್ ಮಟ್ಟದಲ್ಲಿ, ಅಂದರೆ ತುರ್ತು ಕೆಲಸದ ನಡುವೆ ಇರುವಾಗ, ಒಂದು ಡ್ರೈವರ್ ಮುಟ್ಟಬಾರದ ಸ್ಮೃತಿಯನ್ನು ಮುಟ್ಟಿದೆ ಎಂದು ಅದರ ಅರ್ಥ. ಮರುದಿನ ಇನ್ನೊಂದು, ಅದರ ಮರುದಿನ ಮತ್ತೊಂದು, ಮೂರರಲ್ಲೂ ಅದೇ ಸಂಕೇತ, ಅದೇ ನೆಟ್‌ವರ್ಕ್ ಡ್ರೈವರ್. ಮೂರೂ ಯಂತ್ರ ನಿದ್ರೆಯಿಂದ ಎದ್ದ ಒಂದು ನಿಮಿಷದೊಳಗೆ ಆದವು. ಮೊದಲ ವಾರದ ಕುಸಿತಗಳು ಸಿಕ್ಕವರನ್ನೆಲ್ಲ ದೂರುತ್ತಿದ್ದವು, ಇವು ಒಬ್ಬನನ್ನೇ ಬೊಟ್ಟು ಮಾಡುತ್ತಿವೆ. ಮರೆತಿದ್ದ ಆ ಡ್ರೈವರ್ ಬದಲಾವಣೆ ಆಗ ನೆನಪಾಯಿತು. ವಿಂಡೋಸನ್ನು ಎರಡು ಸಲ ಹೊಸದಾಗಿ ಹಾಕಿದಾಗಲೂ ಡೌನ್‌ಲೋಡ್ ಫೋಲ್ಡರಿನಲ್ಲಿದ್ದ ಅದೇ ಆವೃತ್ತಿಯನ್ನು ನಾನೇ ಕೈಯಾರೆ ಹಾಕಿದ್ದೆ.

ದಿನ 12

ಖಚಿತಪಡಿಸಿಕೊಳ್ಳಲು ಡ್ರೈವರ್ ವೆರಿಫೈಯರನ್ನು ಬಳಸಿದೆ. ವಿಂಡೋಸ್‌ನೊಂದಿಗೇ ಬರುವ ಈ ಸಾಧನ, ಆಯ್ದ ಡ್ರೈವರ್‌ಗಳ ಪ್ರತಿ ನಡೆಯನ್ನೂ ಬಿಗಿಯಾಗಿ ತಪಾಸಿಸಿ, ತಪ್ಪು ಕಂಡೊಡನೆ ಬೇಕೆಂದೇ ಯಂತ್ರವನ್ನು ಕೆಡವುತ್ತದೆ. ಮೈಕ್ರೋಸಾಫ್ಟಿನವಲ್ಲದ ಡ್ರೈವರ್‌ಗಳನ್ನಷ್ಟೇ ಆಯ್ದುಕೊಂಡು, ಮೊದಲೇ ಒಂದು ರಿಸ್ಟೋರ್ ಪಾಯಿಂಟ್ ಮಾಡಿಟ್ಟು ಚಾಲೂ ಮಾಡಿದೆ. ಡೆಸ್ಕ್‌ಟಾಪ್ ಕಾಣಿಸುವ ಮೊದಲೇ ಕುಸಿಯಿತು, ಆಪಾದಿತ ಅದೇ ನೆಟ್‌ವರ್ಕ್ ಡ್ರೈವರ್. ಪ್ರತಿ ಚಾಲನೆಯಲ್ಲೂ ಹೀಗೆಯೇ ಆಗುವುದರಿಂದ, ಅತ್ಯಗತ್ಯ ಡ್ರೈವರ್‌ಗಳಷ್ಟೇ ಓಡುವ ಸೇಫ್ ಮೋಡಿಗೆ ಹೋಗಿ ವೆರಿಫೈಯರನ್ನು ರೀಸೆಟ್ ಮಾಡಬೇಕಾಯಿತು. ಸೇಫ್ ಮೋಡಿಗೆ ಹೋಗುವ ದಾರಿ ತಿಳಿಯದೆ ಇದನ್ನು ಯಾರೂ ಮುಟ್ಟಬಾರದು.

ಮದರ್‌ಬೋರ್ಡಿನ ಪುಟದಲ್ಲಿದ್ದ ಆವೃತ್ತಿಗಿಂತ ನೆಟ್‌ವರ್ಕ್ ಚಿಪ್ಪಿನ ತಯಾರಕರ ಆವೃತ್ತಿ ಹೊಸದಾಗಿತ್ತು. ಹಳೆಯದನ್ನು ಡಿವೈಸ್ ಮ್ಯಾನೇಜರಿನಲ್ಲಿ ಫೈಲುಗಳ ಸಮೇತ ತೆಗೆದುಹಾಕಿ ಹೊಸದನ್ನು ಹಾಕಿದೆ. ವಿದ್ಯುತ್ ಉಳಿಸಲು ಈ ಸಾಧನವನ್ನು ಆರಿಸಬಹುದು ಎಂಬ ಆಯ್ಕೆಯನ್ನೂ ತೆಗೆಯಲು ಕೈ ತುರಿಸಿತು, ತಡೆದುಕೊಂಡೆ. ಎರಡನ್ನೂ ಒಟ್ಟಿಗೆ ಮಾಡಿದರೆ ಗುಣವಾದದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ. ಮತ್ತೊಂದು ಎಚ್ಚರಿಕೆ: ಫಾಸ್ಟ್ ಸ್ಟಾರ್ಟಪ್ ಚಾಲ್ತಿಯಲ್ಲಿರುವಾಗ ಯಂತ್ರವನ್ನು ಶಟ್‌ಡೌನ್ ಮಾಡಿದರೂ ಕರ್ನಲ್ ಮತ್ತು ಡ್ರೈವರ್‌ಗಳ ಸ್ಥಿತಿ ಡಿಸ್ಕಿನಲ್ಲಿ ಉಳಿದು ಮರಳಿ ಬರುತ್ತದೆ. ಆದ್ದರಿಂದ ಡ್ರೈವರ್ ಬದಲಿಸಿದ ಮೇಲೆ ರೀಸ್ಟಾರ್ಟನ್ನೇ ಮಾಡಿದೆ.

ದಿನ 13

ಮೂವತ್ತು ಸಲ ಮಲಗಿಸಿ ಎಬ್ಬಿಸಿದೆ. ಕುಸಿತವಿಲ್ಲ. ವೆರಿಫೈಯರನ್ನು ಮತ್ತೆ ಹಚ್ಚಿದಾಗಲೂ ಡೆಸ್ಕ್‌ಟಾಪ್ ಬಂತು, ಒಂದು ಹಗಲು ಓಡಿಸಿ ಆರಿಸಿದೆ.

ದಿನ 32

ಹತ್ತೊಂಬತ್ತು ದಿನಗಳಿಂದ ಒಂದೂ ಡಂಪ್ ಇಲ್ಲ, ಈವೆಂಟ್ ವ್ಯೂವರ್‌ನಲ್ಲಿ ಹಾರ್ಡ್‌ವೇರ್ ದೋಷದ ನಮೂದುಗಳೂ ಇಲ್ಲ. 90 ಜಿಬಿಯ ಫೈಲಿನ ಮೊತ್ತವನ್ನು ವಾರಕ್ಕೊಮ್ಮೆ ಲೆಕ್ಕ ಹಾಕಿಸುತ್ತಿದ್ದೇನೆ, ಉತ್ತರ ಬದಲಾಗಿಲ್ಲ. ಉಳಿದಿರುವ ಕೆಲಸ ಬಯೋಸ್ ನವೀಕರಣ ಒಂದೇ. ಅದನ್ನು ಮಾಡಿದರೆ ಕೈಯಾರೆ ಬರೆದ ಸಂಖ್ಯೆಗಳೆಲ್ಲ ಅಳಿಸಿಹೋಗುತ್ತವೆ. ಹಾಗಾಗಿ 2933, 807, 1.35 ಎಂದು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಬಾಗಿಲಿನ ಒಳಮೈಗೆ ಅಂಟಿಸಿದ್ದೇನೆ, ಅದರ ಕೆಳಗೆ ನೆಟ್‌ವರ್ಕ್ ಡ್ರೈವರಿನ ಆವೃತ್ತಿ ಮತ್ತು ಹಾಕಿದ ದಿನಾಂಕವೂ ಇದೆ.