ಬೂಟಿನ ಸದ್ದೂ ಇರಲಿ

ಜಾಜ್‌ನ ಹಳೆಯ ಪಿಯಾನೊ ಶೈಲಿಯಾದ ಸ್ಟ್ರೈಡ್ ಹಿಡಿದವರಿಗೆ ಒಂದಲ್ಲ ಒಂದು ದಿನ 'ಕ್ಯಾರೊಲೈನಾ ಶೌಟ್' ಎಂಬ ಕೃತಿ ಎದುರಾಗಿಯೇ ಆಗುತ್ತದೆ. ಅದನ್ನು ಕಟ್ಟಿದ ಜೇಮ್ಸ್ ಪಿ. ಜಾನ್ಸನ್ ಹುಟ್ಟಿದ್ದು 1894ರಲ್ಲಿ, ನಾನೀಗ ಇರುವ ನ್ಯೂಜೆರ್ಸಿಯ ನ್ಯೂ ಬ್ರನ್ಸ್‌ವಿಕ್‌ನಲ್ಲಿ. 1920ರ ದಶಕದ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಪಿಯಾನೊ ವಾದಕರು ಒಬ್ಬರನ್ನೊಬ್ಬರು ಒರೆಗೆ ಹಚ್ಚುತ್ತಿದ್ದದ್ದು ಈ ಕೃತಿಯ ಮೇಲೆಯೇ. ಮುಂದೆ ಜಾಜ್‌ನ ದೊಡ್ಡ ಹೆಸರಾದ ಡ್ಯೂಕ್ ಎಲಿಂಗ್ಟನ್ ಯುವಕನಾಗಿದ್ದಾಗ ಇದನ್ನು ಪಿಯಾನೊ ರೋಲ್‌ನಿಂದ ಕಲಿತರು. ತಾನೇ ನುಡಿಯುವ ಪಿಯಾನೊದಲ್ಲಿ ತೂತು ಕೊರೆದ ಕಾಗದದ ಸುರುಳಿಯನ್ನು ನಿಧಾನಕ್ಕೆ ಓಡಿಸುವುದು, ತಾವಾಗಿಯೇ ಕೆಳಗಿಳಿಯುವ ಕೀಗಳ ಮೇಲೆ ಬೆರಳಿಟ್ಟು ಹಿಂಬಾಲಿಸುವುದು. ಇನ್ನೊಬ್ಬ ಜಾಜ್ ಪಿಯಾನೊ ವಾದಕ ಫ್ಯಾಟ್ಸ್ ವಾಲರ್ ಕೂಡ ಹಾಗೇ ಕಲಿತವರು. ನನಗೆ ಆ ಯಂತ್ರದ ಬದಲು ಮೊಬೈಲ್ ಆ್ಯಪ್ ಸಿಕ್ಕಿತು, ಅಷ್ಟೇ.

ಈ ಸಂಗೀತದ ಜೀವ ಎಡಗೈಯಲ್ಲಿದೆ. ಒಂದು ಮತ್ತು ಮೂರನೆಯ ಎಣಿಕೆಗೆ ಕೆಳಗಿನ ಮಂದ್ರದಲ್ಲಿ ಒಂದು ಏಟು, ಎರಡು ಮತ್ತು ನಾಲ್ಕಕ್ಕೆ ಪಿಯಾನೊದ ನಡುಭಾಗದಲ್ಲಿ ಒಂದು ಕಾರ್ಡ್, ಅಂದರೆ ಕೆಲವು ಸ್ವರಗಳು ಒಟ್ಟಿಗೆ. ಕೈ ಎಲ್ಲೂ ತಂಗದೆ ಹಾರುತ್ತಲೇ ಇರಬೇಕು, ಕಣ್ಣು ಅತ್ತ ಹೋಗಬಾರದು. ಮಂದ್ರದಲ್ಲಿ ಅನೇಕ ಕಡೆ ಟೆಂತ್ ಬರುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಷಡ್ಜವನ್ನೂ ಮೇಲಿನ ಸ್ಥಾಯಿಯ ಗಾಂಧಾರವನ್ನೂ ಒಂದೇ ಕೈಯಲ್ಲಿ ಹಿಡಿಯುವುದು. ನನ್ನ ಕೈಗೆ ಅಷ್ಟು ದೂರ ಎಟುಕುವುದಿಲ್ಲ. ಕಿರುಬೆರಳಿನಲ್ಲಿ ಕೆಳಗಿನ ಸ್ವರವನ್ನು ಕೂದಲೆಳೆಯಷ್ಟು ಮೊದಲೇ ಮುಟ್ಟಿ, ಮಣಿಕಟ್ಟನ್ನು ಹೊರಳಿಸಿ, ಹೆಬ್ಬೆರಳು ಸರಿಯಾಗಿ ತಾಳದ ಮೇಲೆ ಬೀಳುವಂತೆ ನುಡಿಸುತ್ತೇನೆ. ಸಣ್ಣ ಕೈಯವರು ಈ ದಾರಿ ಹಿಡಿಯುವುದು ಹೊಸದೇನಲ್ಲ, ಅದರಿಂದ ಹುಟ್ಟುವ ತೂಗಾಟವೂ ನನಗೆ ತುಂಬ ಇಷ್ಟ.

ಇನ್ನು ಕೃತಿಯ ಮೊದಲ ಭಾಗದಲ್ಲಿ ಜಾನ್ಸನ್ ಈ ನಡೆಯನ್ನೇ ಒಡೆದುಬಿಡುತ್ತಾರೆ. ಎಡಗೈ ಎರಡೆರಡರ ಲೆಕ್ಕ ಬಿಟ್ಟು ಮೂರು, ಮೂರು, ಎರಡು ಎಂದು ನಡೆಯುತ್ತದೆ. ಚಿಕ್ಕಂದಿನಲ್ಲಿ ಮೃದಂಗದ ಪಾಠದ ಪಕ್ಕ ಕೂತು ಬೆಳೆದ ನನಗೆ ಅದು ಕೇಳಿದ ಕೂಡಲೇ ಬಾಯಿಗೆ ಬಂತು: ತಕಿಟ ತಕಿಟ ತಕ. ಬಲಗೈ ತನ್ನ ಪಾಡಿಗೆ ನಾಲ್ಕರಲ್ಲಿ ಹಾಡುತ್ತಿರುತ್ತದೆ. ಬಾಯಲ್ಲಿ ಸೊಲ್ಲು ಹೇಳಿಕೊಂಡೇ ಕೈಗೆ ಕೂರಿಸಿಕೊಂಡೆ.

ಕಳೆದ ಚಳಿಗಾಲದ ಒಂದು ಶನಿವಾರ ಅದನ್ನು ರೆಕಾರ್ಡ್ ಮಾಡಲು ಕೂತೆವು. ಚರ್ಚೊಂದರ ನೆಲಮಾಳಿಗೆಯ ಹಾಲ್, ಹಳೆಯ ಅಪ್‌ರೈಟ್ ಪಿಯಾನೊ, ಒಂದೇ ಒಂದು ರಿಬ್ಬನ್ ಮೈಕ್, ಸೌಂಡ್ ನೋಡಿಕೊಳ್ಳಲು ಒಬ್ಬ ಗೆಳೆಯ. ಕತ್ತರಿಸಿ ಅಂಟಿಸುವುದು ಬೇಡ, ಆದಿಯಿಂದ ಅಂತ್ಯದವರೆಗೆ ಒಂದೇ ಉಸಿರಿಗೆ ನುಡಿಸಬೇಕು ಎಂದು ಮೊದಲೇ ಮಾತಾಡಿಕೊಂಡಿದ್ದೆವು. ಜಾನ್ಸನ್ 1921ರಲ್ಲಿ ಓಕೆ (OKeh) ಎಂಬ ರೆಕಾರ್ಡ್ ಕಂಪನಿಗೆ ನುಡಿಸಿದಾಗ ಬೇರೆ ದಾರಿಯೇ ಇರಲಿಲ್ಲ. ಆಗ ಮೈಕೂ ಇರಲಿಲ್ಲ. ದೊಡ್ಡ ಕೊಳವೆಯೊಳಗೆ ಹೋದ ಶಬ್ದವೇ ಮುಳ್ಳನ್ನು ಅಲುಗಿಸಿ ಮೇಣದ ಮೇಲೆ ಗೀರು ಹಾಕುತ್ತಿತ್ತು. ಆ ವಿಧಾನಕ್ಕೆ ಮಂದ್ರ ಸ್ವರಗಳು ಸರಿಯಾಗಿ ಸಿಗುತ್ತಿರಲಿಲ್ಲ. ಹೀಗಾಗಿ ಆ ಪ್ಲೇಟ್‌ನಲ್ಲಿ ನಮಗೆ ಎದ್ದು ಕೇಳುವುದು ಬಲಗೈ, ಮಸುಕಾಗಿರುವುದು ಜನರನ್ನು ಕುಣಿಸುತ್ತಿದ್ದ ಎಡಗೈ. ಹಳೆಯ ರೆಕಾರ್ಡ್ ಕೇಳಿ ಅದೇ ತೂಕದಲ್ಲಿ ನುಡಿಸಿದರೆ ಜಾನ್ಸನ್‌ಗೆ ಅನ್ಯಾಯವಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಪಿಯಾನೊವನ್ನು ಗೋಡೆಯಿಂದ ಎಳೆದು, ಮೈಕನ್ನು ಹಿಂದುಗಡೆ, ದಪ್ಪ ತಂತಿಗಳ ಕಡೆಗೆ ಇಡಿಸಿದೆ.

ಬೆಳಿಗ್ಗೆಯಿಂದ ನುಡಿಸಿದ್ದೆಲ್ಲ ಸ್ವರಕ್ಕೆ ಸ್ವರ ಸರಿಯಾಗಿತ್ತು, ಆದರೆ ಯಾವುದರಲ್ಲೂ ಕಳೆ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ, ನಮ್ಮ ನಂತರ ಹಾಲ್ ಬುಕ್ ಮಾಡಿದ್ದ ಸ್ವಿಂಗ್ ಡ್ಯಾನ್ಸಿನ ಇಬ್ಬರು ಬಂದರು. ಚರ್ಮದ ತಳದ ಬೂಟು ಕಟ್ಟಿಕೊಳ್ಳುತ್ತ ಕೇಳಿದವರು, ನಾನು ಮತ್ತೆ ಶುರು ಮಾಡಿದಾಗ ಎದ್ದು ಕುಣಿಯತೊಡಗಿದರು. ಎರಡು, ನಾಲ್ಕನೆಯ ಎಣಿಕೆಗೆ ಮರದ ನೆಲದ ಮೇಲೆ ಬೂಟು ಉಜ್ಜುವ ಸದ್ದು ಬೀಳುತ್ತಿತ್ತು. ಅವರಲ್ಲೊಬ್ಬಳ ತಿರುಗು ಮುಗಿದು ಹಿಮ್ಮಡಿ ಊರುವ ಕ್ಷಣಕ್ಕೆ ನನ್ನ ಕಿರುಬೆರಳು ಮಂದ್ರದ ಮೇಲೆ ಇರಲೇಬೇಕಿತ್ತು. ಮೊದಲೇ ಬಂದರೆ ಅವಳು ಎಡವುತ್ತಾಳೆ, ತಡವಾದರೆ ಗಾಳಿಯಲ್ಲಿ ಉಳಿಯುತ್ತಾಳೆ. ವೇಗ ತಾನೇ ಸ್ವಲ್ಪ ತಗ್ಗಿ ಗಟ್ಟಿಯಾಗಿ ಕೂತಿತು. ತಾಳ ಎಣಿಸುವ ಮೆಟ್ರೊನೋಮ್ ಇಟ್ಟುಕೊಂಡು ವರ್ಷಗಟ್ಟಲೆ ಹುಡುಕಿದ ನಡೆ ಅದು.

ಈ ಕೃತಿ ಹುಟ್ಟಿದ್ದೂ ಕುಣಿಯುವವರ ಎದುರಿನಲ್ಲೇ ಅಲ್ಲವೇ. 1913ರ ಸುಮಾರಿಗೆ ಜಾನ್ಸನ್ ಮ್ಯಾನ್‌ಹಟನ್‌ನ ಸ್ಯಾನ್ ವಾನ್ ಹಿಲ್‌ನಲ್ಲಿ, 62ನೇ ಬೀದಿಯ ಜಂಗಲ್ಸ್ ಕ್ಯಾಸಿನೊದಲ್ಲಿ ನುಡಿಸುತ್ತಿದ್ದರು. ಅಲ್ಲಿಗೆ ಬರುತ್ತಿದ್ದ ಅನೇಕರು ಸೌತ್ ಕ್ಯಾರೊಲೈನಾ, ಜಾರ್ಜಿಯಾ ಕರಾವಳಿಯಿಂದ ದುಡಿಮೆಗೆ ಬಂದ ಕಪ್ಪು ಜನ. ಪಾದವನ್ನು ನೆಲಕ್ಕೆ ಉಜ್ಜುತ್ತ ವೃತ್ತವಾಗಿ ಸಾಗುವ ರಿಂಗ್ ಶೌಟ್ ಅವರ ಊರಿನ ಪೂಜೆಯ ಕುಣಿತ. ಆ ಹೆಜ್ಜೆಗಳನ್ನು ನೋಡುತ್ತ ಕಟ್ಟಿದ ಸಂಗೀತ ಇದು. ಆ ಬಡಾವಣೆಯನ್ನು ಕೆಡವಿದ ಜಾಗದಲ್ಲಿ ಈಗ ಲಿಂಕನ್ ಸೆಂಟರ್ ಎಂಬ ಕಲಾಕೇಂದ್ರ ಇದೆ. ಟಿಕೆಟ್ ತೆಗೆದುಕೊಂಡು ಅಲ್ಲಿ ಕೂತಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನಮ್ಮ ದೇಶದಲ್ಲೂ ಈ ಎಡಗೈ ಕೇಳಿಸಿತ್ತು. ಟೆಡ್ಡಿ ವೆದರ್‌ಫೋರ್ಡ್ ಎಂಬ ಅಮೆರಿಕದ ಕಪ್ಪು ಪಿಯಾನೊ ವಾದಕರು ಶಾಂಘೈ ಸುತ್ತಿ 1930ರ ದಶಕದಲ್ಲಿ ಮುಂಬಯಿಯ ತಾಜ್ ಹೋಟೆಲಿನಲ್ಲಿ, ಆಮೇಲೆ ಕಲ್ಕತ್ತೆಯ ಗ್ರ್ಯಾಂಡ್ ಹೋಟೆಲಿನಲ್ಲಿ ನುಡಿಸಿ, 1945ರಲ್ಲಿ ಕಾಲರಾ ಬಂದು ಕಲ್ಕತ್ತೆಯಲ್ಲೇ ತೀರಿಕೊಂಡರು. ಅವರ ಮುಂದೆಯೂ ಜನ ಕುಣಿಯುತ್ತಿದ್ದರು.

ಹೆಡ್‌ಫೋನ್ ತೆಗೆದ ಗೆಳೆಯ, ಬೂಟಿನ ಸದ್ದು ಬಂದಿದೆ, ಸಾಫ್ಟ್‌ವೇರ್‌ನಲ್ಲಿ ತೆಗೆದುಬಿಡೋಣವೇ ಎಂದ. ಅದೂ ಇರಲಿ ಎಂದೆ. ಡ್ಯಾನ್ಸಿನವರ ತಕರಾರು ಬೇರೆಯೇ ಆಗಿತ್ತು: ಇಷ್ಟು ಬೇಗ ಮುಗಿಸಿದರೆ ಹೇಗೆ, ಈಗಷ್ಟೇ ಮೈ ಬಿಸಿಯಾಗಿದೆ. ಅವರ ಮಾತು ನ್ಯಾಯವಾದದ್ದೇ. ನಾನು ಪಾಲಿಸಿದ ಮೂರು ನಿಮಿಷದ ಮಿತಿ ಹತ್ತಿಂಚಿನ ಹಳೆಯ ಪ್ಲೇಟಿನದು. ಬಾಡಿಗೆ ಕಟ್ಟಲು ಹಾರ್ಲೆಮ್‌ನ ಮನೆಗಳಲ್ಲಿ ನಡೆಯುತ್ತಿದ್ದ ರೆಂಟ್ ಪಾರ್ಟಿಗಳಲ್ಲಿ ಗಡಿಯಾರ ನೋಡಿ ನುಡಿಸುತ್ತಿರಲಿಲ್ಲ. ಮತ್ತೆ ಕೂತೆ. ಪ್ರತಿ ಭಾಗವನ್ನೂ ತಿರುತಿರುಗಿ ಹೊಸದಾಗಿ ಬದಲಿಸುತ್ತ, ಅವರಿಬ್ಬರೂ ಸುಸ್ತಾಗಿ ಕುರ್ಚಿ ಹಿಡಿಯುವವರೆಗೆ ನುಡಿಸಿದೆ. ನಾವು ಉಳಿಸಿಕೊಂಡದ್ದು ಅದೊಂದನ್ನೇ. ಮೂರು ನಿಮಿಷಕ್ಕೆ ಇಳಿಸಿದರೆ ಕೇಳುವವರು ಹೆಚ್ಚುತ್ತಾರೆ ಎಂದು ಗೆಳೆಯ ಈಗಲೂ ಹೇಳುತ್ತಾನೆ, ನಾನು ಒಪ್ಪಿಲ್ಲ.