‘ಎದುರಾಳಿಗೆ ಯಾಕೆ ಸರ್ಕಾರದ ಬೆಂಬಲ?’ ಎಂದು ಕೇಳುವವರಿಗೆ

ದೇಶದ ಹೊರಗಿನ ದೊಡ್ಡ ಹುದ್ದೆಗೆ ಸರ್ಕಾರ ತನ್ನ ರಾಜಕೀಯ ಎದುರಾಳಿಗೆ ಬೆಂಬಲ ಕೊಡಬಹುದೇ? ಕೊಡಬಹುದು. ಕೆಲವು ಹುದ್ದೆಗಳಿಗೆ ಕೊಡಲೇಬೇಕು, ಕೆಲವಕ್ಕೆ ಎರಡು ಸಲ ಯೋಚಿಸಬೇಕು. ಒಂದು ಸಾಲಿನ ಉತ್ತರ ಬೇಕಿದ್ದವರಿಗೆ ಇಷ್ಟು ಸಾಕು.

ಅಂತರರಾಷ್ಟ್ರೀಯ ಸಂಸ್ಥೆಯ ಯಾವುದೋ ದೊಡ್ಡ ಹುದ್ದೆಗೆ ಸೋತ ಪಕ್ಷದ ನಾಯಕರೊಬ್ಬರ ಹೆಸರು ತೇಲಿಬಂದಾಗಲೆಲ್ಲ ಈ ಪ್ರಶ್ನೆ ನನ್ನ ಮುಂದೆ ಬರುತ್ತದೆ. ಕೇಳುವ ಧಾಟಿ ಮಾತ್ರ ನನಗೆ ಆಗಿಬರುವುದಿಲ್ಲ. ‘ನಿನ್ನೆವರೆಗೆ ಬೈದಾಡಿದವರಿಗೆ ಇವತ್ತು ಬಹುಮಾನವೇ?’ ಎಂದು ಒಬ್ಬರು. ‘ಎಂಥ ದೊಡ್ಡ ಮನಸ್ಸು ನೋಡಿ’ ಎಂದು ಇನ್ನೊಬ್ಬರು. ‘ಊರು ಬಿಡಿಸುವ ಉಪಾಯ ಕಣ್ರೀ’ ಎಂದು ಕಣ್ಣು ಮಿಟುಕಿಸುವವರು ಮತ್ತೊಬ್ಬರು. ಹುದ್ದೆ ಯಾವುದು, ಅಲ್ಲಿ ಕೆಲಸವೇನು ಎಂದು ಮೂವರಲ್ಲಿ ಒಬ್ಬರೂ ಕೇಳುವುದಿಲ್ಲ. ಕೇಳಬೇಕಾದ್ದು ಅದನ್ನೇ.

ಆ ಕುರ್ಚಿಯಲ್ಲಿ ಕೂತವರಿಗೆ ಸೂಚನೆ ಕೊಡುವವರು ಯಾರು? ರಾಯಭಾರಿಗೆ ಸರ್ಕಾರವೇ ಯಜಮಾನ. ರಾಜಧಾನಿಯಿಂದ ಬಂದ ಸೂಚನೆಯಂತೆ ಮಾತಾಡಬೇಕು, ಒಪ್ಪಿಗೆಯಿಲ್ಲದಿದ್ದರೆ ರಾಜೀನಾಮೆ ಕೊಡಬೇಕು. ಸರ್ಕಾರ ಬೇಕೆಂದಾಗ ಅವರನ್ನು ವಾಪಸ್ ಕರೆಸಿಕೊಳ್ಳುತ್ತದೆ. ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿಯದು ಇದಕ್ಕೆ ತದ್ವಿರುದ್ಧ. ಸಂಸ್ಥೆಯ ಮೂಲ ಒಪ್ಪಂದವಾದ ಸನ್ನದಿನ 100ನೇ ವಿಧಿಯ ಪ್ರಕಾರ ಅವರು ಯಾವ ಸರ್ಕಾರದ ಸೂಚನೆಯನ್ನೂ ಕೇಳುವಂತಿಲ್ಲ, ಪಡೆಯುವಂತಿಲ್ಲ. ಸದಸ್ಯ ದೇಶಗಳೂ ಅವರ ಮೇಲೆ ಒತ್ತಡ ತರುವಂತಿಲ್ಲ. ಹಾಗಿರುವಾಗ ‘ನಮ್ಮನ್ನು ವಿರೋಧಿಸಿದವರು ಅಲ್ಲಿ ಹೋಗಿ ನಮ್ಮ ಮಾತು ಕೇಳುತ್ತಾರಾ?’ ಎಂಬ ಆತಂಕಕ್ಕೆ ಅರ್ಥವೇ ಇಲ್ಲ. ಅವರು ಕೇಳಕೂಡದು. ನಿಮ್ಮ ಪಕ್ಷದವರೇ ಹೋದರೂ ಕೇಳಕೂಡದು.

ಈ ಮಾತು ಬಂದಾಗ ನಮ್ಮವರು ತಪ್ಪದೆ 1994ರ ಜಿನೀವಾ ಎತ್ತುತ್ತಾರೆ. ಪಿ.ವಿ. ನರಸಿಂಹ ರಾವ್ ಅವರು ವಿರೋಧ ಪಕ್ಷದ ನಾಯಕ ಅಟಲ್ ಬಿಹಾರಿ ವಾಜಪೇಯಿ ಅವರನ್ನು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಆಯೋಗಕ್ಕೆ ಭಾರತದ ನಿಯೋಗದ ಮುಖ್ಯಸ್ಥರಾಗಿ ಕಳಿಸಿದ್ದು, ಕಾಶ್ಮೀರದ ಕುರಿತ ನಿರ್ಣಯವನ್ನು ಪಾಕಿಸ್ತಾನ ಮತಕ್ಕೆ ಹಾಕದೆ ಹಿಂದೆಗೆದುಕೊಂಡದ್ದು. 2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರದ ನಂತರ ಹೊರಟ ಏಳು ಸರ್ವಪಕ್ಷ ನಿಯೋಗಗಳಲ್ಲಿ ಒಂದಕ್ಕೆ ಕಾಂಗ್ರೆಸ್‌ನ ಶಶಿ ತರೂರ್ ಮುಖ್ಯಸ್ಥರಾದದ್ದೂ ಇದೇ ಸಾಲಿನದು. ಒಳ್ಳೆಯ ಉದಾಹರಣೆಗಳೇ. ಆದರೆ ನಿಯೋಗದ ನಾಯಕತ್ವ ಕೆಲವು ದಿನಗಳದ್ದು, ಹೇಳಬೇಕಾದ ವಿಷಯವನ್ನು ಸಿದ್ಧಪಡಿಸುವುದು ವಿದೇಶಾಂಗ ಸಚಿವಾಲಯ. ಅದನ್ನು ಹಿಡಿದುಕೊಂಡು ಐದು ವರ್ಷದ ಸ್ವತಂತ್ರ ಹುದ್ದೆಯ ಬಗ್ಗೆ ತೀರ್ಮಾನಕ್ಕೆ ಬರಲಾಗದು.

ರಾಯಭಾರಿ ಹುದ್ದೆಯಲ್ಲಿ ಅಪಾಯ ಬೇರೆ ಕಡೆಯಿಂದ ಬರುತ್ತದೆ. ಅಮೆರಿಕದ ರಿಪಬ್ಲಿಕನ್ ಪಕ್ಷದ ಹೆನ್ರಿ ಕ್ಯಾಬಟ್ ಲಾಜ್ 1952ರಲ್ಲಿ ಮ್ಯಾಸಚೂಸೆಟ್ಸ್‌ನ ಸೆನೆಟ್ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷದ ಜಾನ್ ಎಫ್. ಕೆನಡಿ ಎದುರು ಸೋತವರು, 1960ರಲ್ಲಿ ನಿಕ್ಸನ್ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತು ಮತ್ತೆ ಕೆನಡಿ ಎದುರೇ ಸೋತವರು. ಅದೇ ಕೆನಡಿ 1963ರಲ್ಲಿ ಅವರನ್ನು ದಕ್ಷಿಣ ವಿಯೆಟ್ನಾಂಗೆ ರಾಯಭಾರಿಯಾಗಿ ಕಳಿಸಿದರು. ಮರುವರ್ಷ ಮಾರ್ಚ್‌ನಲ್ಲಿ ಲಾಜ್ ಅಲ್ಲಿನ ರಾಜಧಾನಿ ಸೈಗಾನ್‌ನಲ್ಲೇ ಇದ್ದಾಗ, ಮತಪತ್ರದಲ್ಲಿ ಅವರ ಹೆಸರೇ ಇಲ್ಲದಿದ್ದರೂ, ನ್ಯೂ ಹ್ಯಾಂಪ್‌ಶೈರ್‌ನ ರಿಪಬ್ಲಿಕನ್ ಮತದಾರರು ಕೈಯಲ್ಲಿ ಹೆಸರು ಬರೆದು ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸುವ ಪ್ರಾಥಮಿಕ ಚುನಾವಣೆಯಲ್ಲಿ ಅವರನ್ನು ಗೆಲ್ಲಿಸಿದರು. ಒಬಾಮಾ 2009ರಲ್ಲಿ ಚೀನಾಕ್ಕೆ ಕಳಿಸಿದ ರಿಪಬ್ಲಿಕನ್ ಜಾನ್ ಹಂಟ್ಸ್‌ಮನ್ 2011ರಲ್ಲಿ ವಾಪಸ್ ಬಂದು ಒಬಾಮಾ ವಿರುದ್ಧವೇ ಸ್ಪರ್ಧಿಸಲು ತಮ್ಮ ಪಕ್ಷದ ಟಿಕೆಟ್ ಕೇಳಿದರು. ಇಬ್ಬರೂ ಯಾವ ನಿಯಮವನ್ನೂ ಮುರಿಯಲಿಲ್ಲ. ಆದರೆ ಸರ್ಕಾರದ ಗುಟ್ಟಿನ ತಂತಿಗಳನ್ನು ದಿನಾ ಓದುವ ಮನುಷ್ಯನಿಗೆ ತವರಿನ ಚುನಾವಣೆಯ ಮೇಲೆ ಕಣ್ಣಿದೆಯೇ ಎಂದು ಕಳಿಸುವ ಮುನ್ನವೇ ಕೇಳಿಕೊಳ್ಳಬೇಕು. ಎರಡು ಸಲ ಯೋಚಿಸಿ ಎಂದದ್ದು ಇಂಥ ಹುದ್ದೆಗಳ ವಿಷಯದಲ್ಲಿ.

‘ಊರು ಬಿಡಿಸುವ ಉಪಾಯ’ದವರಿಗೂ ಒಂದು ಮಾತು. 2007ರಲ್ಲಿ ಫ್ರಾನ್ಸ್ ಅಧ್ಯಕ್ಷ ನಿಕೊಲಾ ಸರ್ಕೋಜಿ ತಮ್ಮ ವಿರೋಧಿಗಳಾದ ಸೋಷಿಯಲಿಸ್ಟ್ ಪಕ್ಷದ ಡೊಮಿನಿಕ್ ಸ್ಟ್ರಾಸ್-ಕಾನ್ ಅವರನ್ನು ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಮುಖ್ಯಸ್ಥ ಸ್ಥಾನಕ್ಕೆ ಬೆಂಬಲಿಸಿದಾಗ, ಪ್ರತಿಸ್ಪರ್ಧಿಯನ್ನು ವಾಷಿಂಗ್ಟನ್‌ಗೆ ಸಾಗಹಾಕಿದರು ಎಂದು ಬಹಳ ಮಂದಿ ಮೆಚ್ಚಿಕೊಂಡರು. ನಡುವೆ ಹಣಕಾಸು ಬಿಕ್ಕಟ್ಟು ಬಂತು, ಐಎಂಎಫ್ ಮುಖ್ಯಸ್ಥರು ದಿನಾ ಸುದ್ದಿಯಲ್ಲಿದ್ದರು. 2011ರ ಹೊತ್ತಿಗೆ ಮುಂದಿನ ಅಧ್ಯಕ್ಷೀಯ ಚುನಾವಣೆಯ ಸಮೀಕ್ಷೆಗಳಲ್ಲಿ ಸರ್ಕೋಜಿಯನ್ನು ಹಿಂದೆ ಹಾಕಿದ್ದವರು ಅದೇ ಸ್ಟ್ರಾಸ್-ಕಾನ್. ಆ ಓಟ ನಿಂತದ್ದು ಅದೇ ವರ್ಷ ಮೇ ತಿಂಗಳಲ್ಲಿ ನ್ಯೂಯಾರ್ಕ್‌ನಲ್ಲಿ ಅವರ ಬಂಧನವಾದಾಗ. ದೊಡ್ಡ ಹುದ್ದೆ ಎದುರಾಳಿಯನ್ನು ದೂರ ಮಾಡುತ್ತದೆ ನಿಜ, ಜೊತೆಗೆ ಬೆಳೆಸುತ್ತದೆ. ಸಾಗಹಾಕುವುದೇ ಉದ್ದೇಶವಾಗಿದ್ದರೆ ಇದು ಕೆಟ್ಟ ದಾರಿ.

2016ಕ್ಕೆ ಬರೋಣ, ಏಕೆಂದರೆ ವಾದವೆಲ್ಲ ಕೊನೆಗೆ ಅಲ್ಲಿಗೇ ಹೋಗಿ ನಿಲ್ಲುತ್ತದೆ. ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಸ್ಥಾನಕ್ಕೆ ಬಾನ್ ಕಿ-ಮೂನ್ ನಂತರ ಯಾರು ಎಂಬ ಆಯ್ಕೆ ಅದು. ಭದ್ರತಾ ಮಂಡಳಿಯ 15 ಸದಸ್ಯರಲ್ಲಿ 9 ಮತ ಬೇಕು, ಐದು ಕಾಯಂ ಸದಸ್ಯರಲ್ಲಿ ಒಬ್ಬರೂ ಅಡ್ಡ ಬರಬಾರದು, ಆಮೇಲೆ ಸಾಮಾನ್ಯ ಸಭೆಯ ಒಪ್ಪಿಗೆ. ಸದಸ್ಯ ದೇಶಗಳು ಹೆಸರು ಸೂಚಿಸಬೇಕೆಂದು ಕೋರಿದ ಪತ್ರ ಹೊರಟದ್ದು 2015ರ ಡಿಸೆಂಬರ್ 15ರಂದು. ನ್ಯೂಜಿಲೆಂಡ್‌ನ ನ್ಯಾಷನಲ್ ಪಕ್ಷದ ಪ್ರಧಾನಿ ಜಾನ್ ಕೀ 2016ರ ಏಪ್ರಿಲ್‌ನಲ್ಲಿ ಹೆಲೆನ್ ಕ್ಲಾರ್ಕ್ ಹೆಸರು ಕಳಿಸಿದರು. 2008ರ ಚುನಾವಣೆಯಲ್ಲಿ ಕೀ ಸೋಲಿಸಿದ್ದು ಲೇಬರ್ ಪಕ್ಷದ ಇದೇ ಕ್ಲಾರ್ಕ್ ಅವರನ್ನು. 2009ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಮುಖ್ಯಸ್ಥೆಯಾಗಲು ಅವರಿಗೆ ಬೆಂಬಲ ಕೊಟ್ಟದ್ದೂ ಇದೇ ಕೀ ಸರ್ಕಾರ. ಪ್ರಧಾನ ಕಾರ್ಯದರ್ಶಿ ಸ್ಥಾನ ಕ್ಲಾರ್ಕ್‌ಗೆ ಸಿಗಲಿಲ್ಲ. ಅಂದಮಾತ್ರಕ್ಕೆ ಹೆಸರು ಸೂಚಿಸಿದ್ದು ತಪ್ಪಾಗಿತ್ತೆಂದು ನಾನು ಒಪ್ಪುವುದಿಲ್ಲ. ಏಳು ವರ್ಷ ಆ ವ್ಯವಸ್ಥೆಯೊಳಗೇ ಕೆಲಸ ಮಾಡಿದ ಅಭ್ಯರ್ಥಿ ಅವರು.

ಪಕ್ಕದ ಆಸ್ಟ್ರೇಲಿಯಾದಲ್ಲಿ ಮಾಲ್ಕಂ ಟರ್ನ್‌ಬುಲ್ ಸರ್ಕಾರ ಲೇಬರ್ ಪಕ್ಷದ ಮಾಜಿ ಪ್ರಧಾನಿ ಕೆವಿನ್ ರಡ್ ಅವರ ಹೆಸರು ಕಳಿಸಲಿಲ್ಲ. ‘ದ್ವೇಷ’ ಎಂದು ಒಂದು ಪಾಳಯ ಕೂಗಿತು. ಆ ನಿರ್ಧಾರವನ್ನು ನಾನು ತೆಗಳುವುದಿಲ್ಲ. ಅಭ್ಯರ್ಥಿ ಆ ಕೆಲಸಕ್ಕೆ ಹೊಂದುತ್ತಾರೆಯೇ ಎಂದು ತೂಗಿನೋಡುವುದು ಸರ್ಕಾರದ ಹಕ್ಕು, ಹೊಂದುವುದಿಲ್ಲ ಎಂದೇ ಟರ್ನ್‌ಬುಲ್ ಹೇಳಿದ್ದು. ರಡ್ ಕೆಲಸ ಮಾಡುವ ರೀತಿಯ ಬಗ್ಗೆ ಅವರದೇ ಪಕ್ಷದ ಮಂತ್ರಿಗಳು 2012ರಲ್ಲಿ ಬಹಿರಂಗವಾಗಿ ಮಾತಾಡಿದ್ದರು. ನನ್ನ ತಕರಾರು ತಾರೀಕಿನದು. ರಡ್ ಪ್ರಕಟಿಸಿದ ಪತ್ರಗಳ ಪ್ರಕಾರ ಅವರಿಗೆ ಖಾಸಗಿಯಾಗಿ ‘ಇಲ್ಲ’ ಎಂದದ್ದು ಮೇ ತಿಂಗಳ ಮೊದಲ ದಿನ. ಬಹಿರಂಗ ಘೋಷಣೆ ಬಂದದ್ದು ಜುಲೈ 29ಕ್ಕೆ. ನಡುವೆ ಚುನಾವಣೆ ನಡೆಯಿತು, ಸಂಪುಟ ಎರಡು ಹೋಳಾಯಿತು. ರಡ್ ಪರ ಇದ್ದವರಲ್ಲಿ ಸ್ವತಃ ವಿದೇಶಾಂಗ ಸಚಿವೆ ಜೂಲಿ ಬಿಷಪ್ ಒಬ್ಬರು. ಭದ್ರತಾ ಮಂಡಳಿಯ ಮೊದಲ ಅನೌಪಚಾರಿಕ ಮತದಾನ ಜುಲೈ 21ರಂದೇ ಮುಗಿದಿತ್ತು! ಅಂದರೆ ಜುಲೈ 29ಕ್ಕೆ ‘ಹೌದು’ ಎಂದಿದ್ದರೂ ಮೊದಲ ಸುತ್ತು ತಪ್ಪಿಹೋಗಿತ್ತು. ಬೇಡ ಎನ್ನುವುದಿದ್ದರೆ ಬಾಗಿಲು ತೆರೆಯುವ ಮುಂಚೆ ಹೇಳಬೇಕು. ತಡವಾಗಿ ಹೇಳಿದ ‘ಇಲ್ಲ’ ಅಭ್ಯರ್ಥಿಯನ್ನೂ ಹಾಳುಮಾಡುತ್ತದೆ, ಸರ್ಕಾರದ ಒಳಜಗಳವನ್ನೂ ಬೀದಿಗೆ ತರುತ್ತದೆ.

ಬೇಡ ಎನ್ನುವ ಮೊದಲು ಇನ್ನೊಂದನ್ನೂ ನೋಡಬೇಕು: ನಿಮ್ಮ ಸಹಿ ಇಲ್ಲದೆ ಆ ಹುದ್ದೆ ನಿಲ್ಲುತ್ತದೆಯೇ? 2017ರ ಮಾರ್ಚ್ 9ರಂದು ಪೋಲೆಂಡ್ ಸರ್ಕಾರ ತನ್ನದೇ ದೇಶದ ಮಾಜಿ ಪ್ರಧಾನಿ ಡೊನಾಲ್ಡ್ ಟಸ್ಕ್ ಅವರು ಯುರೋಪ್ ಒಕ್ಕೂಟದ ನಾಯಕರ ಸಭೆಯಾದ ಯುರೋಪಿಯನ್ ಕೌನ್ಸಿಲ್‌ನ ಅಧ್ಯಕ್ಷರಾಗಿ ಮುಂದುವರಿಯುವುದನ್ನು ವಿರೋಧಿಸಿತು. ಆ ಹುದ್ದೆಗೆ ತವರು ದೇಶದ ಒಪ್ಪಿಗೆ ಬೇಕಿಲ್ಲ, ಅರ್ಹ ಬಹುಮತ, ಅಂದರೆ ನಿಗದಿತ ಪ್ರಮಾಣದ ದೇಶಗಳ ಒಪ್ಪಿಗೆ ಸಾಕು. ಬಂದ ಲೆಕ್ಕ 27 ಪರ, 1 ವಿರುದ್ಧ. ಇಥಿಯೋಪಿಯಾದ ಮಾಜಿ ವಿದೇಶಾಂಗ ಸಚಿವ ಟೆಡ್ರೊಸ್ ಅವರನ್ನು 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಕಳಿಸಿದ್ದು ಅವರದೇ ದೇಶ. ಅಲ್ಲಿನ ಟಿಗ್ರೇ ಪ್ರಾಂತ್ಯದಲ್ಲಿ ಯುದ್ಧ ಶುರುವಾದ ನಂತರ ಎರಡನೇ ಅವಧಿಗೆ ಅದೇ ದೇಶ ಹೆಸರು ಸೂಚಿಸಲಿಲ್ಲ. ಜರ್ಮನಿ, ಫ್ರಾನ್ಸ್, ಕೀನ್ಯಾ ಸೇರಿ 28 ದೇಶಗಳು ಸೂಚಿಸಿದವು. 2022ರ ಮೇನಲ್ಲಿ ಅವರು ಮರು ಆಯ್ಕೆಯಾದರು, ಪ್ರತಿಸ್ಪರ್ಧಿಯೇ ಇರಲಿಲ್ಲ. ಈಗಾಗಲೇ ಕುರ್ಚಿಯಲ್ಲಿ ಕೂತು ಕೆಲಸ ತೋರಿಸಿದವರನ್ನು ತವರಿನ ಸಿಟ್ಟಿಗೆ ಇಳಿಸಲು ಹೊರಟರೆ ಒಂಟಿಯಾಗಿ ನಿಲ್ಲಬೇಕಾಗುತ್ತದೆ.

ಇಷ್ಟೆಲ್ಲ ವಾದಿಸುವ ಬದಲು ನನ್ನನ್ನು ಯಾರಾದರೂ ಇನ್ನೊಂದು ಪ್ರಶ್ನೆ ಕೇಳಿದ್ದರೆ ಸಂತೋಷವಾಗುತ್ತಿತ್ತು: ಬೆಂಬಲ ಕೊಟ್ಟಿದ್ದೇವೆ ಎಂದು ಸರ್ಕಾರ ಹೇಳಿದಾಗ, ನಿಜವಾಗಿ ಕೊಟ್ಟಿದೆಯೇ ಎಂದು ತಿಳಿಯುವುದು ಹೇಗೆ?

ನಾಮನಿರ್ದೇಶನ ಪತ್ರಕ್ಕೆ ತಗಲುವುದು ಒಂದು ಹಾಳೆ ಮತ್ತು ಒಂದು ಸಹಿ. ಕೆಲಸ ಅಲ್ಲಿಂದ ಶುರು. ಮತ ಹಾಕುವ ಪ್ರತಿ ದೇಶಕ್ಕೂ ಒಂದು ಪುಟ ಇಟ್ಟು ಬರೆಯಬೇಕು: ಅಲ್ಲಿ ತೀರ್ಮಾನ ಮಾಡುವವರು ಯಾರು, ಅಧ್ಯಕ್ಷರೋ, ವಿದೇಶಾಂಗ ಸಚಿವರೋ, ಸಂಸ್ಥೆಯ ಮುಖ್ಯ ಕಚೇರಿಯಲ್ಲಿರುವ ಅವರ ಪ್ರತಿನಿಧಿಯೋ? ಅವರು ಬಾಯಿಮಾತಲ್ಲಿ ಒಪ್ಪಿದ್ದಾರೋ, ಬರೆದು ಕೊಟ್ಟಿದ್ದಾರೋ? ಬದಲಿಗೆ ಏನು ಕೇಳಿದ್ದಾರೆ, ಅವರ ಯಾವ ಅಭ್ಯರ್ಥಿಗೆ ನಮ್ಮ ಮತ? ಮೊದಲ ಸುತ್ತಿಗೆ ಮಾತ್ರವೋ, ಎಲ್ಲ ಸುತ್ತಿಗೂ ಉಂಟೋ? ಗುಪ್ತ ಮತದಾನದಲ್ಲಿ ಬಾಯಿಮಾತಿನ ಭರವಸೆ ಬಿಸಿಲಿಗಿಟ್ಟ ಬೆಣ್ಣೆ. 1996ರಲ್ಲಿ ಭದ್ರತಾ ಮಂಡಳಿಯ ತಾತ್ಕಾಲಿಕ ಸ್ಥಾನಕ್ಕೆ ಜಪಾನ್ ಎದುರು ನಿಂತ ಭಾರತಕ್ಕೆ ಸಿಕ್ಕಿದ್ದು 40 ಮತ, ಜಪಾನಿಗೆ 142.

ಎದುರಾಳಿ ಅಭ್ಯರ್ಥಿಯಾದಾಗ ಇದರ ಮೇಲೆ ಇನ್ನೊಂದು ತೊಡಕು ಬರುತ್ತದೆ. ‘ನಿಮ್ಮ ಸರ್ಕಾರಕ್ಕೆ ಇವರು ನಿಜಕ್ಕೂ ಬೇಕಾ?’ ಎಂದು ಪ್ರತಿ ರಾಜಧಾನಿಯೂ ಕೇಳುತ್ತದೆ. ಅದಕ್ಕೆ ಉತ್ತರ ಕೊಡಬೇಕಾದವರು ಅಭ್ಯರ್ಥಿಯಲ್ಲ, ಅವರನ್ನು ಸೋಲಿಸಿದ ನಾಯಕ. ಫೋನ್ ಎತ್ತಬೇಕಾದವರು ಅವರೇ.

ಕೀನ್ಯಾದ ರೈಲಾ ಒಡಿಂಗಾ ಪ್ರಕರಣವನ್ನು ಈ ಕಣ್ಣಿನಿಂದ ನೋಡಿ. 2022ರ ಅಧ್ಯಕ್ಷೀಯ ಚುನಾವಣೆಯಲ್ಲಿ ವಿಲಿಯಂ ರುಟೊ ಎದುರು ಸೋತರು, ಫಲಿತಾಂಶವನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟ್‌ಗೆ ಹೋದರು, 2023ರಲ್ಲಿ ಬೀದಿ ಹೋರಾಟ ನಡೆಸಿದರು. 2024ರ ಆಗಸ್ಟ್‌ನಲ್ಲಿ ಅದೇ ರುಟೊ ಈ ಒಡಿಂಗಾ ಅವರನ್ನು ಆಫ್ರಿಕಾ ಒಕ್ಕೂಟದ ಆಯೋಗದ ಅಧ್ಯಕ್ಷ ಸ್ಥಾನಕ್ಕೆ ಅಭ್ಯರ್ಥಿ ಎಂದು ನೈರೋಬಿಯ ಅಧ್ಯಕ್ಷರ ಭವನದಲ್ಲಿ ಸಮಾರಂಭ ಮಾಡಿ ಘೋಷಿಸಿದರು. ಕೀನ್ಯಾ ಕಾಟಾಚಾರಕ್ಕೆ ಬೆಂಬಲಿಸಲಿಲ್ಲ, ರುಟೊ ಖುದ್ದಾಗಿ ಪ್ರಚಾರ ಮಾಡಿದರು. ಆದರೂ 2025ರ ಫೆಬ್ರವರಿ 15ರಂದು ಆಡಿಸ್ ಅಬಾಬದಲ್ಲಿ ಆದದ್ದು ಹೀಗೆ: 55 ಸದಸ್ಯರಲ್ಲಿ 6 ದೇಶ ಅಮಾನತಿನಲ್ಲಿ, ಮತ ಹಾಕುವವರು 49, ಗೆಲ್ಲಲು ಮೂರನೇ ಎರಡು, ಅಂದರೆ 33. ಮೊದಲ ಸುತ್ತಿನಲ್ಲಿ ಒಡಿಂಗಾ 20, ಜಿಬೂಟಿಯ ಮಹಮೂದ್ ಅಲಿ ಯೂಸುಫ್ 18, ಮಡಗಾಸ್ಕರ್ ಅಭ್ಯರ್ಥಿ 10. ಎರಡನೇ ಸುತ್ತಿನಲ್ಲೂ ಒಡಿಂಗಾ ಮುಂದೆ. ಮೂರನೆಯದರಲ್ಲಿ ತಕ್ಕಡಿ ತಿರುಗಿತು. ಮಡಗಾಸ್ಕರ್ ಕಣದಿಂದ ಹೊರಬಿದ್ದ ಮೇಲೂ ಒಡಿಂಗಾ ಲೆಕ್ಕ ಇಪ್ಪತ್ತರ ಆಸುಪಾಸಿನಿಂದ ಮೇಲೇಳಲಿಲ್ಲ. ಆರನೇ ಸುತ್ತಿನ ನಂತರ ಅವರು ಹಿಂದೆ ಸರಿದರು. ಏಳನೆಯದರಲ್ಲಿ ಒಬ್ಬರೇ ಉಳಿದ ಯೂಸುಫ್‌ಗೆ ಸರಿಯಾಗಿ 33.

‘ಎದುರಾಳಿಯನ್ನು ಕಳಿಸಿದ್ದಕ್ಕೇ ಸೋಲು’ ಎಂದವರಿದ್ದಾರೆ. ಅಂಕಿಗಳು ಹಾಗೆ ಹೇಳುವುದಿಲ್ಲ. ಮೊದಲ ಸುತ್ತಿನ ಬೆಂಬಲ ಚೆನ್ನಾಗಿಯೇ ಇತ್ತು. ಎರಡನೇ ಆಯ್ಕೆಯ ಮತಗಳನ್ನು ಮೊದಲೇ ಕಟ್ಟಿಕೊಂಡಿರಲಿಲ್ಲ, ಅಲ್ಲಿ ಎಡವಿದ್ದು. ಎದುರಿಗಿದ್ದ ಯೂಸುಫ್ 2005ರಿಂದ ವಿದೇಶಾಂಗ ಸಚಿವರಾಗಿದ್ದವರು. ಫ್ರೆಂಚ್, ಅರೇಬಿಕ್, ಇಂಗ್ಲಿಷ್ ಮೂರರಲ್ಲೂ ಮಾತಾಡಬಲ್ಲವರು. ಮತ ಹಾಕುವವರ ಜೊತೆ ಇಪ್ಪತ್ತು ವರ್ಷ ಕೂತೆದ್ದವರು. ಒಡಿಂಗಾಗೆ ಆಗ 80 ವರ್ಷ, ತವರಿನಲ್ಲಿ ದೊಡ್ಡ ಹೆಸರು. ತವರಿನ ಜನಪ್ರಿಯತೆಗೆ ಆ ಸಭಾಂಗಣದಲ್ಲಿ ಒಂದು ಮತವೂ ಹೆಚ್ಚಿಗೆ ಬರುವುದಿಲ್ಲ.

ಗೆದ್ದ ಉದಾಹರಣೆ ಬೇಕೆಂದರೆ ನೈಜೀರಿಯಾ. ಎನ್‌ಗೋಜಿ ಒಕೊಂಜೊ-ಇವೆಲಾ ಅವರು ಗುಡ್‌ಲಕ್ ಜೊನಾಥನ್ ಸರ್ಕಾರದ ಹಣಕಾಸು ಸಚಿವೆ. 2015ರಲ್ಲಿ ಜೊನಾಥನ್ ಅವರನ್ನು ಸೋಲಿಸಿ ಬಂದ ಮುಹಮ್ಮದು ಬುಹಾರಿ, 2020ರ ಜೂನ್‌ನಲ್ಲಿ ತಮ್ಮ ಮೊದಲ ಅಭ್ಯರ್ಥಿಯನ್ನು ಹಿಂದೆಗೆದುಕೊಂಡು ವಿಶ್ವ ವ್ಯಾಪಾರ ಸಂಘಟನೆಯ ಮಹಾನಿರ್ದೇಶಕ ಸ್ಥಾನಕ್ಕೆ ಇವರ ಹೆಸರು ಕಳಿಸಿದರು. ಅಲ್ಲಿ ಮತ ಎಣಿಕೆಯಿಲ್ಲ, ಸರ್ವಸಮ್ಮತಿ ಬೇಕು. ಅಕ್ಟೋಬರ್‌ನಲ್ಲಿ ಟ್ರಂಪ್ ಆಡಳಿತ ಒಬ್ಬಂಟಿಯಾಗಿ ತಡೆಯಿತು. ನೈಜೀರಿಯಾ ಕದಲದೆ ಕಾದಿತು, ಬೈಡನ್ ಆಡಳಿತ ಒಪ್ಪಿದ ಮೇಲೆ 2021ರ ಫೆಬ್ರವರಿ 15ರಂದು ಆಯ್ಕೆ ಆಯಿತು. ಮೂರೂವರೆ ತಿಂಗಳು ಬಾಗಿಲ ಹೊರಗೆ ನಿಂತಾಗ ‘ಹೋಗಲಿ ಬಿಡಿ, ಹಳೆಯ ಸರ್ಕಾರದವರು ತಾನೆ’ ಎಂದು ಕೈಬಿಡದಿರುವುದೇ ನಿಜವಾದ ಬೆಂಬಲ.

ಕೈಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ 2016ರ ಬಲ್ಗೇರಿಯಾ ಇದೆ. ಮೇಲೆ ಹೇಳಿದ ಪ್ರಧಾನ ಕಾರ್ಯದರ್ಶಿ ಸ್ಥಾನಕ್ಕೇ ಫೆಬ್ರವರಿಯಲ್ಲಿ ಇರಿನಾ ಬೊಕೊವಾ ಹೆಸರು ಕಳಿಸಿ, ಸೆಪ್ಟೆಂಬರ್ 28ರಂದು ಕ್ರಿಸ್ಟಲಿನಾ ಜಾರ್ಜೀವಾ ಕಡೆಗೆ ಹೊರಳಿತು. ಬೊಕೊವಾ ಹಿಂದೆ ಸರಿಯಲಿಲ್ಲ. ಅಕ್ಟೋಬರ್ 5ರ ಮತದಾನದಲ್ಲಿ ಒಂದೇ ದೇಶದ ಇಬ್ಬರು ಅಭ್ಯರ್ಥಿಗಳು. ಗೆದ್ದದ್ದು ಪೋರ್ಚುಗಲ್‌ನ ಆಂಟೊನಿಯೊ ಗುಟೆರಸ್. ಪೋರ್ಚುಗಲ್‌ನ ಆಗಿನ ಪ್ರಧಾನಿ ಅವರ ಪಕ್ಷದವರೇ, ನಿಜ. ಆದರೆ ಅದೇ ವರ್ಷ ಮಾರ್ಚ್‌ನಲ್ಲಿ ಅಧ್ಯಕ್ಷರಾದ ಮಾರ್ಸೆಲೊ ರೆಬೆಲೊ ಡಿ ಸೌಸಾ, ಗುಟೆರಸ್ ಪ್ರಧಾನಿಯಾಗಿದ್ದ ಕಾಲದಲ್ಲಿ ವಿರೋಧ ಪಕ್ಷದ ನಾಯಕರಾಗಿದ್ದವರು. ಅವರೂ ಜೊತೆ ನಿಂತರು.

ಇಲ್ಲಿ ಒಂದು ಲೆಕ್ಕ ಎಲ್ಲರೂ ಮರೆಯುತ್ತಾರೆ. ಇಂಥ ಪ್ರಚಾರಗಳು ಒಂದು ವರ್ಷದವರೆಗೂ ಎಳೆಯುತ್ತವೆ, ನಡುವೆ ಚುನಾವಣೆ ಬಂದರೆ ಇವತ್ತಿನ ‘ನಮ್ಮ ಅಭ್ಯರ್ಥಿ’ ನಾಳಿನ ಸರ್ಕಾರದ ‘ಹಳೆಯ ಎದುರಾಳಿ’. 2025ರ ಸೆಪ್ಟೆಂಬರ್‌ನಲ್ಲಿ ಚಿಲಿಯ ಆಗಿನ ಅಧ್ಯಕ್ಷ ಗೇಬ್ರಿಯಲ್ ಬೋರಿಕ್ ಅವರು ಮಾಜಿ ಅಧ್ಯಕ್ಷೆ ಮಿಷೆಲ್ ಬ್ಯಾಚಲೆಟ್ ಹೆಸರನ್ನು ಪ್ರಧಾನ ಕಾರ್ಯದರ್ಶಿ ಸ್ಥಾನಕ್ಕೆ ಘೋಷಿಸಿದರು. ತಮ್ಮ ಅವಧಿ 2026ರ ಮಾರ್ಚ್‌ಗೆ ಮುಗಿಯುತ್ತದೆ, ಆಯ್ಕೆಯ ಮತದಾನ ಅದಾದ ಮೇಲೆಯೇ ಎಂಬುದು ಬೋರಿಕ್‌ಗೆ ಆ ದಿನವೇ ಗೊತ್ತಿತ್ತು. ಡಿಸೆಂಬರ್‌ನಲ್ಲಿ ಗೆದ್ದದ್ದು ಬಲಪಂಥದ ಹೊಸೆ ಆಂಟೊನಿಯೊ ಕಾಸ್ಟ್. ಹೀಗಾಗುವ ಸಾಧ್ಯತೆ ಇರುವ ದೇಶದಲ್ಲಿ, ಹೆಸರು ಘೋಷಿಸುವ ಮುಂಚೆ ವಿರೋಧ ಪಕ್ಷಗಳ ನಾಯಕರನ್ನು ಕರೆದು ಕೂರಿಸಿ ‘ನೀವು ಅಧಿಕಾರಕ್ಕೆ ಬಂದರೆ ಇವರನ್ನು ಮುಂದುವರಿಸುತ್ತೀರಾ?’ ಎಂದು ಕೇಳಿ, ಉತ್ತರವನ್ನು ಬರೆಸಿಕೊಳ್ಳಬೇಕು. ‘ಇಲ್ಲ’ ಎಂದರೆ ಇನ್ನೊಂದು ಹೆಸರು ಹುಡುಕಲು ಆಗ ಇನ್ನೂ ಸಮಯ ಇರುತ್ತದೆ.